ಮೂವತ್ತು ದಿನದ ಇಂಗ್ಲಿಷ್, ಮೂವತ್ತು ವರ್ಷದ ಅಂಜಿಕೆ

ನಮ್ಮ ಭಾಗದ ಬಸ್‌ಸ್ಟ್ಯಾಂಡುಗಳ ಪುಸ್ತಕದಂಗಡಿಯಲ್ಲಿ ಕಾದಂಬರಿ ಸಿಗದಿರಬಹುದು, ಕವನಸಂಕಲನವಂತೂ ಸಿಗುವುದಿಲ್ಲ. ಆದರೆ ಇಂತಿಷ್ಟು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎನ್ನುವ ಪುಸ್ತಕ ತಪ್ಪದೆ ಸಿಗುತ್ತದೆ. ಕಪಿಲ್ ದೇವ್ ಜಾಹೀರಾತಿನಿಂದ ಮನೆಮಾತಾದ ರ‍್ಯಾಪಿಡೆಕ್ಸ್‌ನಿಂದ ಹಿಡಿದು ಮೂವತ್ತು ದಿನದ ತೆಳು ಪುಸ್ತಕಗಳವರೆಗೆ ಇವುಗಳ ವಂಶ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿ, ಗಲ್ಫ್‌ಗೆ ಹೊರಟ ಡ್ರೈವರ್, ಬೆಂಗಳೂರಿನ ಸಂದರ್ಶನಕ್ಕೆ ಕರೆ ಬಂದ ಡಿಪ್ಲೊಮಾ ಹುಡುಗ, ಹೀಗೆ ಎಲ್ಲರೂ ಇದನ್ನು ಕೊಳ್ಳುತ್ತಾರೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಇದೇ ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ. ಮೊದಲ ಇಪ್ಪತ್ತು ಪುಟಗಳು ಕೈಬೆವರಿನಿಂದ ಮಾಸಿರುತ್ತವೆ. ಆಮೇಲಿನವು ಹೊಸದಾಗಿಯೇ ಉಳಿದಿರುತ್ತವೆ.

ಓದುಗ ಯಾಕೆ ಅಲ್ಲಿಗೇ ನಿಂತ? ಸೋಮಾರಿತನ ಎಂದು ನಾವು ಹೇಳಿಬಿಡುತ್ತೇವೆ, ಅವನೂ ಹಾಗೆಯೇ ನಂಬುತ್ತಾನೆ. ನಾವು ಐನೂರು ಪ್ರತಿ ಮಾರಾಟವಾಗುವ ಕಾದಂಬರಿಯನ್ನು ಪುಟಗಟ್ಟಲೆ ವಿಮರ್ಶಿಸುತ್ತೇವೆ. ಬಡವರ ಮನೆಯ ಮಕ್ಕಳು ಎಷ್ಟೋ ಆಸೆಯಿಂದ ಕೊಳ್ಳುವ ಈ ಪುಸ್ತಕಗಳನ್ನು ವಿಮರ್ಶೆ ಮಾಡಿದವರು ವಿರಳ. ಕಲಿಯುವವನ ತಪ್ಪುಗಳನ್ನು ಎಲ್ಲರೂ ಎಣಿಸಿದ್ದಾರೆ, ಕಲಿಸುವ ಪುಸ್ತಕದ ತಪ್ಪುಗಳನ್ನೂ ಒಮ್ಮೆ ಎಣಿಸಬೇಡವೇ?

ಮೂಡಲಗಿ ತಾಲೂಕಿನ ನಾಗನೂರದಂಥ ಊರಿನ ಒಬ್ಬ ಹುಡುಗನನ್ನು ಎದುರಿಗಿಟ್ಟುಕೊಂಡು ಈ ಪುಸ್ತಕಗಳನ್ನು ಓದೋಣ. ಅವನ ಸುತ್ತ ಕಬ್ಬಿನ ಬೆಳೆ, ಮೋಟಾರು, ಟ್ರ್ಯಾಕ್ಟರು ಇವೆ. ಪುಸ್ತಕ ಅವನನ್ನು ಏನೂ ಗೊತ್ತಿಲ್ಲದವನು ಎಂದು ಎಣಿಸಿ ಪಾಠ ಶುರು ಮಾಡುತ್ತದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ಕೆಳಗೆ ಬಾಯಿಪಾಠ ಮಾಡಿ ಎನ್ನುವ ಸೂಚನೆ. ಆದರೆ ಅವನಿಗೆ ನಿಜವಾಗಿ ಏನೂ ಗೊತ್ತಿಲ್ಲವೇ? ಸ್ಟಾರ್ಟರ್, ಫ್ಯೂಜ್, ತ್ರೀ ಫೇಜ್, ಪೈಪ್‌ಲೈನ್, ಟ್ರೇಲರ್, ಲೋಡ್, ಡ್ಯೂಟಿ, ರಿಪೇರಿ ಎಂದು ನೂರಾರು ಇಂಗ್ಲಿಷ್ ಪದಗಳನ್ನು ದಿನಾಲೂ ಆಡುವವನು ಅವನು.

'ಚಾರ್ಜ್' ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಪುಸ್ತಕದ ಪಟ್ಟಿಯಲ್ಲಿ ಅದಕ್ಕೆ 'ಆರೋಪ' ಎಂದೋ 'ಶುಲ್ಕ' ಎಂದೋ ಒಂದೇ ಅರ್ಥ ಇರುತ್ತದೆ. ನಮ್ಮ ಹುಡುಗನಿಗೆ ಮೊಬೈಲ್ ಚಾರ್ಜ್ ಗೊತ್ತು. ಪೇಪರಿನಲ್ಲಿ ಬರುವ ಚಾರ್ಜ್‌ಶೀಟ್, ಲಾಠಿಚಾರ್ಜ್ ಗೊತ್ತು. ಶಾಲೆಯ ಇನ್‌ಚಾರ್ಜ್ ಹೆಡ್‌ಮಾಸ್ತರರು ಗೊತ್ತು, ಬ್ಯಾಂಕಿನವರು ಹಿಡಿದುಕೊಳ್ಳುವ ಸರ್ವಿಸ್ ಚಾರ್ಜ್ ಅಂತೂ ಚೆನ್ನಾಗಿಯೇ ಗೊತ್ತು. ಒಂದು ಪದದ ಐದು ಬಳಕೆಗಳು ಅವನ ತಲೆಯಲ್ಲಿ ಆಗಲೇ ಇವೆ. ಇವೆಲ್ಲ ಒಂದೇ ಪದ ಎಂದು ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ. ಪದಸಂಪತ್ತು ಎಂಬುದು ಹೀಗೆ ಇದ್ದ ಬೇರಿನಿಂದ ಕವಲೊಡೆದು ಬೆಳೆಯುತ್ತದೆ. ಪುಸ್ತಕ ಆ ಬೇರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊಸ ಪದಗಳ ರಾಶಿಯನ್ನು ತಂದು ಸುರಿಯುತ್ತದೆ.

ಪದಪಟ್ಟಿಯ ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬದ ಮೇಲೆ ಬಣ್ಣದ ಗುರುತು ಇರುತ್ತದೆ. ನಮ್ಮ ದೇಶದ ನಿಯಮದಂತೆ ಕೆಂಪು ಮತ್ತು ಹಳದಿಗೆ 'ಪಾಯಿಜನ್', ನೀಲಿಗೆ 'ಡೇಂಜರ್', ಹಸಿರಿಗೆ 'ಕಾಷನ್' ಎಂಬ ಪದ. ಅಂದರೆ ಇಲ್ಲಿ ಡೇಂಜರ್ ಎಂಬುದು ಪಾಯಿಜನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಕಾಷನ್ ಇನ್ನೂ ಕೆಳಗಿನದು. ಡೇಂಜರ್ ಎಂದರೆ ಅಪಾಯ, ಕಾಷನ್ ಎಂದರೆ ಎಚ್ಚರಿಕೆ ಎಂದು ಉರು ಹೊಡೆದವನಿಗೆ ಈ ಮೆಟ್ಟಿಲುಗಳು ಕಾಣುವುದಿಲ್ಲ. ಪದದ ಅರ್ಥ ಅದರ ಪಕ್ಕದ ಪದಗಳಲ್ಲಿ ಮತ್ತು ಅದನ್ನು ಬಳಸುವ ಜಾಗದಲ್ಲಿ ಇರುತ್ತದೆ. ಡಬ್ಬದ ಮೇಲಿನ ಆ ಒಂದು ಪದ ಜೀವದ ಪ್ರಶ್ನೆಯೂ ಆಗಬಹುದು.

ಇನ್ನು ವ್ಯಾಕರಣದ ಮಾತು. ನಮ್ಮ ಮಾಸ್ತರರ ತಲೆಮಾರುಗಳನ್ನು ಆಳಿದ ಪುಸ್ತಕ ರೆನ್ ಮತ್ತು ಮಾರ್ಟಿನ್. ಅದನ್ನು ಬರೆದ ಪಿ.ಸಿ. ರೆನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. 1956ರವರೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಅದೇ ಆಡಳಿತದ ಭಾಗವಾಗಿತ್ತು. 1930ರ ದಶಕದ ಆ ಪುಸ್ತಕ ಪರಿಷ್ಕರಣೆಗೊಂಡು ಇಂದಿಗೂ ಮಾರಾಟವಾಗುತ್ತಿದೆ. ಅದು ಕೆಟ್ಟ ಪುಸ್ತಕವಲ್ಲ. ಇಂಗ್ಲಿಷ್ ಬಲ್ಲವರಿಗೆ ಅದು ಒಳ್ಳೆಯ ಕನ್ನಡಿ. ಆದರೆ ಕನ್ನಡದಿಂದ ಇಂಗ್ಲಿಷಿಗೆ ನಡೆದು ಬರುವವನು ಎಲ್ಲಿ ಎಡವುತ್ತಾನೆ ಎಂಬುದು ಅದಕ್ಕೆ ಗೊತ್ತಿಲ್ಲ, ಏಕೆಂದರೆ ಅದನ್ನು ಅವನಿಗಾಗಿ ಬರೆದದ್ದಲ್ಲ.

ಅವನು ಎಡವುವ ಜಾಗಗಳಾದರೂ ಯಾವುವು? ನಮ್ಮ ಕಡೆ 'ನನಗ ಎರಡು ಎಕರೆ ಹೊಲ ಐತಿ', 'ನನಗ ಹಸಿವ್ಯಾಗೇತಿ', 'ನನಗ ಗೊತ್ತೈತಿ', 'ನನಗ ಜ್ವರ ಬಂದಾವ' ಎನ್ನುತ್ತಾರೆ. ನಾಲ್ಕರಲ್ಲೂ 'ನನಗ'. ಇಂಗ್ಲಿಷಿನಲ್ಲಿ ನಾಲ್ಕೂ 'ಐ' ಎಂದೇ ಶುರುವಾಗುತ್ತವೆ: ಐ ಹ್ಯಾವ್ ಟೂ ಎಕರ್ಸ್, ಐ ಆಮ್ ಹಂಗ್ರಿ, ಐ ನೋ, ಐ ಹ್ಯಾವ್ ಎ ಫೀವರ್. ಕನ್ನಡದಲ್ಲಿ ಜ್ವರ ನನ್ನ ಕಡೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಾನೇ ಅದನ್ನು ಇಟ್ಟುಕೊಂಡಿರುತ್ತೇನೆ. ಈ ಒಂದು ಮಾತನ್ನು ಅರ್ಧ ಗಂಟೆ ಕುಳಿತು ಹೇಳಿಕೊಟ್ಟರೆ ಹುಡುಗನ ಎಷ್ಟೋ ವಾಕ್ಯಗಳು ನೆಟ್ಟಗಾಗುತ್ತವೆ. ಅದನ್ನು ಹೇಳಲು ಮಾಸ್ತರರು ಕನ್ನಡದ ವ್ಯಾಕರಣವನ್ನೂ ಗಮನಿಸಿರಬೇಕು.

ಹಾಗೆಯೇ ಹೊಲದಾಗ, ಮನ್ಯಾಗ, ಬಸ್ಸಿನಾಗ ಎಂಬಲ್ಲಿ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ಇನ್ ದ ಫೀಲ್ಡ್, ಅಟ್ ಹೋಮ್, ಆನ್ ದ ಬಸ್ ಎಂದು ಮೂರು ಬೇಕು. 'ಆನ್ ಎಂದರೆ ಮೇಲೆ' ಎಂದು ಕಲಿತ ಹುಡುಗ ಆನ್ ದ ಬಸ್ ಎಂದಾಗ ಟಾಪಿನ ಮೇಲೆ ಕುಳಿತವರನ್ನು ನೆನೆದರೆ ಅವನ ತಪ್ಪೇನು? ಇಲ್ಲಿ ಬಿಡಿಪದದ ಅರ್ಥಕ್ಕಿಂತ ಇಡೀ ಪದಗುಚ್ಛವನ್ನು ಬಳಕೆಯಲ್ಲಿ ಕೇಳಿಸಿಕೊಳ್ಳುವುದೇ ಸರಿಯಾದ ದಾರಿ.

ಇನ್ನೊಂದು ಉದಾಹರಣೆ. 'ಗುಳಿಗಿ ತಗೊಂಡಿಲ್ಲೇನು?' ಎಂದು ಡಾಕ್ಟರು ಕೇಳಿದರೆ, ತೆಗೆದುಕೊಳ್ಳದವನು 'ಹೌದ್ರಿ' ಎನ್ನುತ್ತಾನೆ. ನೀವು ಹೇಳಿದ್ದು ನಿಜ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಕೇಳಿದಾಗಲೂ ಅದೇ ರೂಢಿಯಲ್ಲಿ 'ಎಸ್' ಎಂದರೆ, ಗುಳಿಗೆ ತೆಗೆದುಕೊಂಡಿದ್ದೇನೆ ಎಂದಾಗುತ್ತದೆ! ಅಲ್ಲಿ 'ನೋ' ಎನ್ನಬೇಕು. ಮನೆ ಬಿಡುವಾಗ 'ಬರ್ತೇನ್ರಿ' ಎನ್ನುವ ನಾವು 'ಐ ಆಮ್ ಕಮಿಂಗ್' ಎಂದು ಹೊರಟುಬಿಟ್ಟರೆ, ಕೇಳಿದವರು ಬಾಗಿಲು ತೆರೆದಿಟ್ಟು ಕಾಯುತ್ತಾರೆ. ಇವುಗಳನ್ನು ಅಜ್ಞಾನ ಎಂದು ನಕ್ಕುಬಿಡುವುದು ಸುಲಭ. ಇವು ಒಂದು ಭಾಷೆಯ ತರ್ಕವನ್ನು ಇನ್ನೊಂದಕ್ಕೆ ಪ್ರಾಮಾಣಿಕವಾಗಿ ಹೊತ್ತು ತಂದಾಗ ಆಗುವ ತಪ್ಪುಗಳು. ಯಾವ ತಪ್ಪು ಎಲ್ಲಿಂದ ಬಂತು ಎಂದು ಹೇಳಲಾರದ ವ್ಯಾಕರಣ ಪುಸ್ತಕ ಕಲಿಯುವವನಿಗೆ ಏನು ನೆರವಾದೀತು?

ಭಾಷೆಯನ್ನು ಕಲಿಯುವ ಶಕ್ತಿ ನಮ್ಮವರಿಗಿಲ್ಲ ಎನ್ನುವವರು ನಮ್ಮ ಭಾಗದ ಮುಸ್ಲಿಮ್ ಮನೆಗಳನ್ನು ನೋಡಬೇಕು. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ, ಗಡಿ ದಾಟಿದರೆ ಮರಾಠಿ. 'ಬರ್ತೇನಿ ಅಂತ ಹೇಳಿದ' ಎಂಬ ಕನ್ನಡದ ವಾಕ್ಯದಲ್ಲಿ 'ಅಂತ' ಎಂಬ ಪದ ಇರುವ ಜಾಗದಲ್ಲೇ ದಖನಿಯಲ್ಲಿ 'ಬೋಲ್‌ಕೆ' ಬಂದು ಕೂರುತ್ತದೆ. ಉತ್ತರದ ಉರ್ದುವಿನ ರೂಢಿ ಇದಲ್ಲ. ಕನ್ನಡ, ತೆಲುಗುಗಳ ನೆರೆಯಲ್ಲಿ ಬಾಳಿದ ದಖನಿ ಈ ವಾಕ್ಯದ ಅಚ್ಚನ್ನು ಅವುಗಳಿಂದ ಪಡೆಯಿತು ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಕನ್ನಡವೂ ಅರ್ಜಿ, ಜಮೀನು, ವಕೀಲ, ದವಾಖಾನೆ ಎಂಬ ಪದಗಳನ್ನು ಅರಬಿ, ಫಾರಸಿಗಳಿಂದ ಪಡೆದು ತನ್ನದಾಗಿಸಿಕೊಂಡಿತು. ಇದಕ್ಕೆ ಯಾರೂ ಮೂವತ್ತು ದಿನದ ಪುಸ್ತಕ ಓದಲಿಲ್ಲ. ಮಾತಾಡುವ ಅಗತ್ಯವಿತ್ತು, ತಪ್ಪಿದರೆ ನಕ್ಕು ಓಡಿಸುವವರಿರಲಿಲ್ಲ. ಪದವೂ ವ್ಯಾಕರಣವೂ ಒಟ್ಟಿಗೇ ಬಂದವು.

ಶಾಲೆಯಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ನಮ್ಮ ನೆಲದಲ್ಲೇ ನಡೆಯಿತು, ನಾವು ಅದನ್ನು ಮರೆತಿದ್ದೇವೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ ನಡೆದ ಆ ಪ್ರಯೋಗ ಜಗತ್ತಿನ ಭಾಷಾಶಿಕ್ಷಕರ ನಡುವೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಯಿತು. ಅಲ್ಲಿ ಮಕ್ಕಳಿಗೆ ಇಂದು ಭೂತಕಾಲ, ನಾಳೆ ಭವಿಷ್ಯತ್ ಕಾಲ ಎಂಬ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಕೊಟ್ಟು ಬಿಡಿಸಬೇಕಾದ ಸಮಸ್ಯೆಯೊಂದನ್ನು ಇಂಗ್ಲಿಷಿನಲ್ಲಿ ಒಡ್ಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣ ತಾನಾಗಿ ಒಳಗೆ ಬೇರೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರು ಇದನ್ನು ಪುಸ್ತಕವಾಗಿಯೂ ತಂದರು. ಹೊರಗಿನವರು ನಡೆಸಿದ ಮೌಲ್ಯಮಾಪನದಲ್ಲಿ ವ್ಯಾಕರಣದ ಬಿಡಿ ಪ್ರಶ್ನೆಗಳಿಗೆ ಹಳೆಯ ಪದ್ಧತಿಯ ಮಕ್ಕಳೇ ಚೆನ್ನಾಗಿ ಉತ್ತರಿಸಿದರು. ಓದಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಈ ಪ್ರಯೋಗದ ಮಕ್ಕಳು ಮುಂದಿದ್ದರು. ಬದುಕಿಗೆ ಯಾವುದು ಬೇಕು ಎಂಬುದನ್ನು ಓದುಗರೇ ಹೇಳಲಿ.

ಇದನ್ನು ನಾಗನೂರಕ್ಕೆ ತರಲು ದೊಡ್ಡ ಹಣವೇನೂ ಬೇಡ. ಘಟಪ್ರಭಾ ಸ್ಟೇಷನ್ನಿನ ರೈಲು ವೇಳಾಪಟ್ಟಿ, ಬ್ಯಾಂಕಿನ ಚಲನ್, ಗುಳಿಗೆಯ ಪಟ್ಟಿ, ಔಷಧಿಯ ಡಬ್ಬ, ಮೊಬೈಲಿಗೆ ಬಂದ ಮೆಸೇಜು ಇವೇ ಪಾಠಗಳಾಗುತ್ತವೆ. ಮೈಕೆಲ್ ವೆಸ್ಟ್ ಎಂಬ ಶಿಕ್ಷಕ ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಕಲಿಸುತ್ತ, ಮೊದಲು ಸುಲಭದ ಓದು ಬೇಕು ಎಂದು ಕಂಡುಕೊಂಡವರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಇರುವುದು ಸುಮಾರು 2,000 ಪದಗಳು. ಇಷ್ಟು ಪದಗಳು ತಮ್ಮ ರೂಪಭೇದಗಳೊಂದಿಗೆ ಗೊತ್ತಿದ್ದರೆ ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟು ಪದಗಳು ಪರಿಚಿತವಾಗುತ್ತವೆ. ಆದ್ದರಿಂದ ಅಪರೂಪದ ಪದಗಳನ್ನು ಗುಡ್ಡೆ ಹಾಕುವ ಮೊದಲು ಈ ಸಾಮಾನ್ಯ ಪದಗಳನ್ನು ಹತ್ತಾರು ವಾಕ್ಯಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೇಲು. ಒಂದು ನೋಟುಬುಕ್ಕಿನಲ್ಲಿ ಪದವನ್ನು ಅರ್ಥದೊಂದಿಗೆ ಬರೆದರೆ ಸಾಲದು. ಅದು ಕಂಡ ವಾಕ್ಯವನ್ನೂ, ಅದೇ ಪದ ಹಾಕಿ ನಮ್ಮ ಮನೆಯ ಬಗ್ಗೆ ಮಾಡಿದ ಒಂದು ವಾಕ್ಯವನ್ನೂ ಬರೆಯಬೇಕು. ವ್ಯಾಕರಣ ಪುಸ್ತಕವನ್ನು ಎಸೆಯಬೇಕಿಲ್ಲ. ತಪ್ಪು ಆದ ಮೇಲೆ ಕಾರಣ ಹುಡುಕಲು ಅದನ್ನು ತೆರೆದರೆ ಅದರ ಬೆಲೆ ತಿಳಿಯುತ್ತದೆ.

ನಮ್ಮ ಸರಕಾರಗಳ ಗಮನವೆಲ್ಲ ಇಂಗ್ಲಿಷ್ ಯಾವಾಗ ಶುರುವಾಗಬೇಕು ಎಂಬುದರ ಮೇಲೇ ಇತ್ತು. 2007-08ರಲ್ಲಿ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೇ ಇಂಗ್ಲಿಷ್ ವಿಷಯ ಬಂತು. ಕಲಿಕೆಯ ಮಾಧ್ಯಮದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ತೀರ್ಪಾಯಿತು. 2019ರಿಂದ ಆಯ್ದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು. ಗೈಡಿನ ಪ್ರಶ್ನೋತ್ತರ ಉರು ಹೊಡೆದು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ, ಪಿಯುಸಿಯ ಮೊದಲ ವಾರ ಭೌತಶಾಸ್ತ್ರದ ತರಗತಿಯಲ್ಲಿ ಒಂದು ವಾಕ್ಯವೂ ಅರ್ಥವಾಗದೆ ತಲೆತಗ್ಗಿಸಿ ಕೂರುತ್ತಾಳೆ. ಕೆಲವರು ಅಲ್ಲಿಂದ ಕಲಾ ವಿಭಾಗಕ್ಕೆ ಹೋಗುತ್ತಾರೆ, ಕೆಲವರು ಮನೆಗೇ ಮರಳುತ್ತಾರೆ. ಅವರು ಸೋತದ್ದು ಭೌತಶಾಸ್ತ್ರದಲ್ಲಿ ಅಲ್ಲವೇ ಅಲ್ಲ.

ಇಂಗ್ಲಿಷ್ ಬೇಕೆನ್ನುವವರು ಕನ್ನಡದ ವೈರಿಗಳು ಎಂಬ ಮಾತೂ ನಮ್ಮಲ್ಲಿದೆ. ಬಡವರ ಮಕ್ಕಳಿಗೆ ಇಂಗ್ಲಿಷ್ ಯಾಕೆ ಎಂದು ಭಾಷಣ ಮಾಡಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರನ್ನೂ ನಾವು ನೋಡಿದ್ದೇವೆ. ನಮ್ಮ ತಾಲೂಕಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1981ರ ವರದಿಯೂ ಅವರದೇ. ಆ ವರದಿಯ ಬಗ್ಗೆ ಭಾಷಾ ಅಲ್ಪಸಂಖ್ಯಾತರಿಗೆ ತಕರಾರುಗಳಿದ್ದವು, ಅದು ಬೇರೆಯೇ ಚರ್ಚೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದರೂ ಬರೆದದ್ದು ಇಲ್ಲಿಯ ಮಾತಿನಲ್ಲೇ. ಎರಡನ್ನೂ ಬಲ್ಲವರಿಗೆ ಎರಡರ ನಡುವೆ ಜಗಳ ಕಾಣಲಿಲ್ಲ.

ಈಗ ಮೊಬೈಲು ಕ್ಷಣದಲ್ಲಿ ಅನುವಾದ ಮಾಡಿಕೊಡುತ್ತದೆ. ಆದರೆ ಸಂದರ್ಶನದ ಕೋಣೆಯಲ್ಲಿ, ಆಸ್ಪತ್ರೆಯಲ್ಲಿ, ತರಗತಿಯಲ್ಲಿ ಬಾಯಿ ತೆರೆಯಬೇಕಾದವರು ನಾವೇ. ಅಲ್ಲಿ ನಮ್ಮನ್ನು ತಡೆಯುವುದು ಪದಗಳ ಕೊರತೆಗಿಂತ ಹೆಚ್ಚಾಗಿ, ಯಾರಾದರೂ ನಕ್ಕಾರು ಎಂಬ ಅಂಜಿಕೆ. ಕನ್ನಡ ತಪ್ಪಿ ಮಾತಾಡುವ ಅಧಿಕಾರಿಯನ್ನು ನಾವು 'ಎಷ್ಟು ಚೆಂದ ಕಲಿತಾರ್ರಿ' ಎಂದು ಹೊಗಳುತ್ತೇವೆ. ನಮ್ಮದೇ ಹುಡುಗ ಇಂಗ್ಲಿಷ್ ತಪ್ಪಿದರೆ ನಗುತ್ತೇವೆ. ಆ ಅಧಿಕಾರಿಗೆ ತೋರಿಸುವ ಔದಾರ್ಯವನ್ನು ನಮ್ಮ ಮಕ್ಕಳಿಗೂ ತೋರಿಸೋಣ. ಪುಸ್ತಕದ ಉಳಿದ ಪುಟಗಳು ತೆರೆದುಕೊಳ್ಳುವುದು ಆಗಲೇ.