ಎದ್ದು ಹೋದ ಗಿರಾಕಿಗೆ ಕಾಯುವ ಅಂಗಡಿ

"ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳದವರು ನಮ್ಮ ಶಿಕಾರಿಪುರ, ಸೊರಬದ ಕಡೆ ಸಿಗುವುದು ಕಷ್ಟ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತಾಗ, ನಾಡಕಚೇರಿಯಲ್ಲಿ ಜಾತಿ-ಆದಾಯ ಪತ್ರಕ್ಕೆ ಅರ್ಜಿ ಹಿಡಿದು ಹೋದಾಗ, ಗೊಬ್ಬರದ ಸಾಲಿನಲ್ಲಿ ನಿಂತಾಗ ಕೇಳಿಯೇ ಇರುತ್ತೇವೆ. ಸರ್ವರ್ ಸತ್ತಿದ್ದರೂ ಅದೇ ಮಾತು, ಈಗಷ್ಟೇ ಏಳುತ್ತಿದ್ದರೂ ಅದೇ ಮಾತು. ಮೂರನೆಯ ಒಂದು ಸ್ಥಿತಿಯೂ ಇದೆ. ಸರ್ವರ್ ಜೀವಂತವಾಗಿಯೇ ಇರುತ್ತದೆ, ಆದರೆ ಮುಚ್ಚಿಕೊಳ್ಳಲು ಹೊರಟು ಹೊಸಿಲ ಮೇಲೆ ನಿಂತುಬಿಟ್ಟಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರಿನ ವಿಚಾರದಲ್ಲಿ ನನ್ನ ಮೆಚ್ಚುಗೆ, ತಕರಾರು ಎರಡೂ ಶುರುವಾದದ್ದು ಆ ಹೊಸಿಲ ಮೇಲೆಯೇ.

ನಾನು ಮಂಡಿಗಳಿಗೆ, ಸಹಕಾರ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟು ಬದುಕುವವನು. ಒಂದು ಮಳೆಗಾಲ ಸೊರಬ ತಾಲೂಕಿನ ಸಂಘವೊಂದರಿಂದ ಫೋನು ಬಂತು. ಯೂರಿಯಾ ಬಂದ ದಿನ, ಹೊರಗೆ ಕೊಡೆಗಳ ಸಾಲು. "ಸಾರ್, ಕರೆಂಟು ಬಂದು ಕಾಲು ಗಂಟೆ ಆಯ್ತು. ಸರ್ವರ್ ಲೈಟು ಉರೀತಾನೇ ಇದೆ. ಆದ್ರೆ ಒಳಗೇ ಬಿಡ್ತಿಲ್ಲ" ಎಂದಳು ಕೌಂಟರಿನ ಹುಡುಗಿ. ಪರದೆಯ ಮೇಲೆ ನನ್ನದೇ ಪ್ರೋಗ್ರಾಂ, ಸರ್ವರ್ ಸಿದ್ಧವಾಗುತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಹೇಳುತ್ತಿತ್ತಂತೆ. ಸ್ವಲ್ಪ ಹೊತ್ತು ಬಿಡಿ ಎಂದು ನಾನೂ ಅದನ್ನೇ ಹೇಳಿದೆ. ಅರ್ಧ ಗಂಟೆಗೆ ಮತ್ತೆ ಫೋನು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಸರ್ವರಿಗೆ ಏನೂ ಆಗಿರಲಿಲ್ಲ. ಕರೆಂಟು ಹೋದ ಕೂಡಲೇ ಯುಪಿಎಸ್‌ಗೆ ಜೋಡಿಸಿದ್ದ ನನ್ನ ಸ್ಕ್ರಿಪ್ಟ್ ತನ್ನ ಕೆಲಸ ಮಾಡಿತ್ತು. ಡೇಟಾಬೇಸಿನ ಪ್ರಕ್ರಿಯೆ ಸಂಖ್ಯೆ ಹುಡುಕಿ, ಅದಕ್ಕೆ ಬರೀ 'ಕಿಲ್' ಕಳಿಸಿ, ಅದು ಮುಗಿಯುವವರೆಗೆ ಕಾದು, ಆಮೇಲೆ ಯಂತ್ರ ಆರಿಸುವುದು ಅದರ ಕೆಲಸ. ಬರೀ ಕಿಲ್ ಎಂದರೆ ಸಿಗ್‌ಟರ್ಮ್, 15ನೇ ನಂಬರಿನ ಸಿಗ್ನಲ್. ಯೂನಿಕ್ಸ್ ಲೋಕದಲ್ಲಿ 'ದಯವಿಟ್ಟು ಮುಗಿಸಿಕೋ' ಎನ್ನಲು ಎಲ್ಲರೂ ಬಳಸುವ ಮಾತು ಅದು. ಪೋಸ್ಟ್‌ಗ್ರೆಸ್‌ಗೆ ಅದು ತಲುಪಿತ್ತು. ಲಾಗ್ ತೆರೆದರೆ 'ಸ್ಮಾರ್ಟ್ ಶಟ್‌ಡೌನ್ ಕೋರಿಕೆ ಬಂದಿದೆ' ಎಂಬರ್ಥದ ಒಂದು ಸಾಲು. ಅದರ ಕೆಳಗೆ ಒಳಬರಲು ಹೋಗಿ ವಾಪಸಾದವರ ಸಾಲುಗಳಷ್ಟೆ.

ಪೋಸ್ಟ್‌ಗ್ರೆಸ್‌ಗೆ ಬಾಗಿಲು ಹಾಕುವ ಮೂರು ಬಗೆಗಳಿವೆ. ಮಂಡಿಯ ಮಾತಿನಲ್ಲೇ ಹೇಳುತ್ತೇನೆ. ಸಿಗ್‌ಟರ್ಮ್ ಬಂದರೆ ಅರ್ಧ ಬಾಗಿಲು ಎಳೆದು, ಹೊಸ ಗಿರಾಕಿಯನ್ನು ಬಿಡದೆ, ಒಳಗಿರುವವರು ತಾವಾಗಿ ಎದ್ದು ಹೋಗುವವರೆಗೆ ಕಾಯುವುದು. ಇದಕ್ಕೇ ಅವರು ಸ್ಮಾರ್ಟ್ ಎಂದು ಹೆಸರಿಟ್ಟದ್ದು. ಸಿಗ್‌ಇಂಟ್, ಅಂದರೆ ಕಂಟ್ರೋಲ್-ಸಿ ಒತ್ತಿದಾಗ ಹೋಗುವ 2ನೇ ನಂಬರು ಬಂದರೆ, ಒಳಗಿರುವವರನ್ನು ಎಬ್ಬಿಸಿ, ಅರ್ಧಕ್ಕೆ ನಿಂತ ವ್ಯವಹಾರವನ್ನು ರದ್ದು ಮಾಡಿ, ಲೆಕ್ಕ ಮುಗಿಸಿ ಬೀಗ ಹಾಕುವುದು. ಇದು ಫಾಸ್ಟ್. ಸಿಗ್‌ಕ್ವಿಟ್ ಬಂದರೆ ಬೆಂಕಿ ಬಿದ್ದಂತೆ, ಲೆಕ್ಕವನ್ನೂ ಮುಗಿಸದೆ ಹೊರಗೋಡುವುದು. ಐದು ಸೆಕೆಂಡಿನಲ್ಲಿ ಹೊರಗೆ ಬಾರದ ಪ್ರಕ್ರಿಯೆಗಳನ್ನು, ಅವನ್ನು ಹುಟ್ಟಿಸಿದ ಯಜಮಾನ ಪ್ರಕ್ರಿಯೆಯೇ ಸಿಗ್‌ಕಿಲ್‌ನಿಂದ, ಅಂದರೆ 9ನೇ ನಂಬರಿನಿಂದ, ಮುಗಿಸುತ್ತದೆ. ಇದು ಇಮ್ಮೀಡಿಯೆಟ್.

ನನ್ನ ಸರ್ವರ್ ಕಾಯುತ್ತಿದ್ದದ್ದು ಮೂವರು ಗಿರಾಕಿಗಳಿಗೆ. ಪ್ರಕ್ರಿಯೆಗಳ ಪಟ್ಟಿಯಲ್ಲಿ ಮೂರೂ 'ಐಡಲ್' ಎಂದು ತಣ್ಣಗೆ ಕೂತಿದ್ದವು. ಮೂರೂ ಕೌಂಟರಿನ ಕಂಪ್ಯೂಟರುಗಳ ಹಳೆಯ ಸಂಪರ್ಕಗಳು. ಕೌಂಟರಿನ ಯಂತ್ರಗಳಿಗೆ ಯುಪಿಎಸ್ ಇರಲಿಲ್ಲ, ಕರೆಂಟಿನ ಜೊತೆಗೇ ಆರಿಹೋಗಿದ್ದವು. ಹೋಗುತ್ತೇನೆ ಎಂದು ಹೇಳಿ ಹೋಗುವ ವ್ಯವಧಾನ ಅವಕ್ಕೆಲ್ಲಿ? ನೆಟ್‌ವರ್ಕಿನ ಈ ತುದಿಯಲ್ಲಿ ಕೂತ ಸರ್ವರಿಗೆ ಆ ತುದಿ ಸತ್ತದ್ದು ಗೊತ್ತಾಗಲು ಒಂದೇ ದಾರಿ, ಆಗಾಗ 'ಇದ್ದೀಯಾ' ಎಂದು ಕೇಳುವುದು. ಲಿನಕ್ಸಿನಲ್ಲಿ ಯಾರೂ ಬದಲಿಸದಿದ್ದರೆ ಆ ಪ್ರಶ್ನೆ ಮೊದಲ ಸಲ ಹೋಗುವುದು 7200 ಸೆಕೆಂಡಿನ ಮೌನದ ನಂತರ. ಎರಡು ಗಂಟೆ! ನಾನು ಬಸ್ಸು ಹತ್ತದೆ ಮನೆಯಲ್ಲೇ ಉಳಿದಿದ್ದರೆ ಎರಡು ಗಂಟೆ ಕಳೆದ ಮೇಲೆ ಸರ್ವರಿಗೆ ವಿಷಯ ತಿಳಿದು, ಮರ್ಯಾದೆಯಿಂದ ಬಾಗಿಲು ಹಾಕಿ, ಕರೆಂಟು ಚೆನ್ನಾಗಿಯೇ ಇರುವಾಗ ನನ್ನ ಸ್ಕ್ರಿಪ್ಟ್ ಯಂತ್ರವನ್ನೇ ಆರಿಸಿಬಿಡುತ್ತಿತ್ತು.

ಜಾಣತನ ಎಂದರೆ ಇದೇ ಏನು? ಗಿರಾಕಿ ಎದ್ದು ಹೋಗಿದ್ದಾನೆ, ಹಿತ್ತಲ ಬಾಗಿಲಿನಿಂದ ಹೋದದ್ದರಿಂದ ಗಲ್ಲಾದಲ್ಲಿ ಕೂತವನು ನೋಡಿಲ್ಲ. ಅದೇ ಗಿರಾಕಿ ಮುಂಬಾಗಿಲಿಗೆ ಬಂದು ಬಡಿಯುತ್ತಿದ್ದಾನೆ, 'ಒಳಗೆ ನೀನಿನ್ನೂ ಇದ್ದೀಯ, ನೀನು ಹೋದ ಮೇಲೆ ನಾನು ಮುಚ್ಚಬೇಕು' ಎಂದು ಅವನನ್ನೇ ತಡೆಯಲಾಗುತ್ತಿದೆ. ಇನ್ನೊಂದು ಕೊರತೆ ಅಂದು ಗೊತ್ತಾಯಿತು. ಸ್ಮಾರ್ಟ್ ಶಟ್‌ಡೌನ್ ಒಮ್ಮೆ ಹೊರಟರೆ ಹೊರಟಿತು, ಕರೆಂಟು ಬಂತು, ಬಾಗಿಲು ತೆಗೆ ಎಂದು ಹೇಳುವ ಸಿಗ್ನಲ್ಲೇ ಇಲ್ಲ. ಇನ್ನೂ ಜೋರಾಗಿ ಮುಚ್ಚು ಎನ್ನಬಹುದು, ಅಷ್ಟೆ. ನಾನು ಸಿಗ್‌ಇಂಟ್ ಕಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಲಾಗಿನಲ್ಲಿ ನಾಲ್ಕಾರು ಸಾಲು ಉರುಳಿ ಮುಚ್ಚಿತು. ಮತ್ತೆ ಎಬ್ಬಿಸಿದೆ. ಯೂರಿಯಾ ಚೀಟಿ ಹರಿಯತೊಡಗಿತು.

ಇದು ಬರೀ ನನ್ನ ಸ್ಕ್ರಿಪ್ಟಿನ ತಪ್ಪು ಎಂದು ಪೋಸ್ಟ್‌ಗ್ರೆಸ್ ಪಕ್ಷದವರು ಹೇಳಬಹುದು. ಅರ್ಧ ಸರಿ. ಆದರೆ ಅವರಿಗೂ ಇದು ತಟ್ಟಿದೆ ಎನ್ನುವುದಕ್ಕೆ ಪುರಾವೆ ಇದೆ. ಸರ್ವರನ್ನು ನಿಲ್ಲಿಸುವ ಅವರದೇ ಉಪಕರಣ ಪಿಜಿ-ಸಿಟಿಎಲ್, 9.5ನೇ ಆವೃತ್ತಿಯಿಂದ ಏನೂ ಹೇಳದಿದ್ದರೆ ಫಾಸ್ಟ್ ಎಂದೇ ತಿಳಿಯುತ್ತದೆ, ಅದಕ್ಕೆ ಮುಂಚೆ ಸ್ಮಾರ್ಟ್ ಇತ್ತು. ಲಿನಕ್ಸಿನಲ್ಲಿ ಸರ್ವರುಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿಗೆ ಅವರೇ ಕೊಡುವ ಮಾದರಿ ಫೈಲಿನಲ್ಲಿ ನಿಲ್ಲಿಸುವ ಸಿಗ್ನಲ್ ಸಿಗ್‌ಇಂಟ್ ಎಂದು ಬರೆದಿದೆ. ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರಿನ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜಿನಲ್ಲೂ ಹಾಗೆಯೇ. ಡಾಕರ್ ಸಿಗ್ನಲ್ ಕಳಿಸಿ ಕಾಯುವುದು ಹತ್ತೇ ಸೆಕೆಂಡು, ಆಮೇಲೆ ಸಿಗ್‌ಕಿಲ್. ಹತ್ತು ಸೆಕೆಂಡಿನಲ್ಲಿ ಸ್ಮಾರ್ಟ್ ಯಾರನ್ನೂ ಕಳಿಸಲಾರದು. ಹೀಗೆ ಸುತ್ತಮುತ್ತಲಿನ ಎಲ್ಲ ಕಡೆ ತೇಪೆ ಹಾಕಿ, ನಡುವಿನ ಹರಕನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಸಿಗ್‌ಟರ್ಮಿನ ಅರ್ಥ ಇವತ್ತಿಗೂ ಸ್ಮಾರ್ಟೇ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಈ ವಿಷಯದಲ್ಲಿ ಹೆಚ್ಚು ಲೋಕಜ್ಞಾನ ತೋರಿಸಿದೆ. ಅದು ಸಿಗ್‌ಟರ್ಮ್ ಬಂದರೆ ಸಂಪರ್ಕಗಳನ್ನು ಕಡಿದು ಸರಿಯಾಗಿ ಮುಚ್ಚುತ್ತದೆ. ಮುಚ್ಚುವಾಗ ಒಳಗಿನ ಕಸವನ್ನೆಲ್ಲ ಗುಡಿಸಬೇಕೋ, ಅಗತ್ಯದಷ್ಟು ಸಾಕೋ, ಹಾಗೇ ಓಡಬೇಕೋ ಎನ್ನುವುದನ್ನು ಅದರ ಸಂಗ್ರಹದ ಭಾಗವಾದ ಇನ್ನೊಡಿಬಿಯ ಒಂದು ಸೆಟ್ಟಿಂಗಿನಲ್ಲಿ 0, 1, 2 ಎಂದು ಮೊದಲೇ ಹೇಳಿಡಬಹುದು.

ಇಷ್ಟು ಬೈದ ಮೇಲೂ ನಾನು ಆ ಸಂಘದಲ್ಲಿ ಡೇಟಾಬೇಸ್ ಬದಲಿಸಲಿಲ್ಲ. ಕಾರಣ ಕಿರ್ದಿ.

ಹಳೆಯ ಮಂಡಿ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯವಹಾರ ನಡೆದ ತಕ್ಷಣ ಬರೆಯುವುದು ಕಿರ್ದಿಯಲ್ಲಿ, ಬಂದ ಸರದಿಯಲ್ಲಿ, ಒಂದರ ಕೆಳಗೊಂದು. ಅದನ್ನು ಆಯಾ ಹೆಸರಿನ ಖಾತೆಗೆ ಏರಿಸುವುದು ಆಮೇಲೆ, ಪುರುಸೊತ್ತಿನಲ್ಲಿ. ಖಾತೆ ಪುಸ್ತಕಕ್ಕೆ ನೀರು ಬಿದ್ದರೂ ಕಿರ್ದಿ ಇದ್ದರೆ ಮತ್ತೆ ಬರೆಯಬಹುದು. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ಬದಲಾವಣೆ ಮೊದಲು 'ವಾಲ್' ಎಂಬ ದಿನಚರಿಗೆ ಹೋಗಿ, ಡಿಸ್ಕಿನ ಮೇಲೆ ಕೂತ ಮೇಲಷ್ಟೇ 'ಆಯಿತು' ಎಂಬ ಉತ್ತರ ಕೌಂಟರಿಗೆ ಬರುತ್ತದೆ. ಟೇಬಲ್ಲುಗಳ ಫೈಲಿಗೆ ಅದು ಇಳಿಯುವುದು ನಿಧಾನವಾಗಿ. ಬೇರೇನೂ ಹೇಳದಿದ್ದರೆ ಐದು ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಎಂಬ ಗೆರೆ ಎಳೆದು, 'ಇಲ್ಲಿಯವರೆಗಿನದು ಖಾತೆಗೆ ಏರಿದೆ' ಎಂದು ಗುರುತು ಹಾಕಿಕೊಳ್ಳುತ್ತದೆ. ಈ ಬಗೆಯ ಚೇತರಿಕೆಗೆ ಶಾಸ್ತ್ರದ ರೂಪ ಕೊಟ್ಟದ್ದು ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧ. ಪೋಸ್ಟ್‌ಗ್ರೆಸ್‌ಗೆ ವಾಲ್ ಬಂದದ್ದು 2001ರ 7.1ನೇ ಆವೃತ್ತಿಯಲ್ಲಿ.

ಇದರಿಂದಾಗಿ ಒಳ್ಳೆಯ ವಿದಾಯಕ್ಕೂ ಕೆಟ್ಟ ಸಾವಿಗೂ ನಡುವಿನ ವ್ಯತ್ಯಾಸ ಬಹಳ ಸಣ್ಣದಾಗುತ್ತದೆ. ಸ್ಮಾರ್ಟ್, ಫಾಸ್ಟ್ ಎರಡರಲ್ಲೂ ಕೊನೆಗೊಂದು ಚೆಕ್‌ಪಾಯಿಂಟ್ ಆಗುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ವ್ಯಾಪಾರ. ಇಮ್ಮೀಡಿಯೆಟ್ ಆದರೂ, ಯುಪಿಎಸ್ ಬ್ಯಾಟರಿ ಬತ್ತಿ ಯಂತ್ರವೇ ಬಿದ್ದರೂ, ಎದ್ದ ಮೇಲೆ ಕೊನೆಯ ಗೆರೆಯಿಂದ ಕಿರ್ದಿ ಓದಿ ಖಾತೆಗೆ ಏರಿಸಿಕೊಂಡೇ ಬಾಗಿಲು ತೆಗೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಊರಿನಲ್ಲಿ ನನಗೆ ಬೇಕಾದ ಗುಣ ಇದು. ಪಿಜಿ-ಕಂಟ್ರೋಲ್‌ಡೇಟಾ ಎಂಬ ಉಪಕರಣ ಓಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಸರಿಯಾಗಿ ಮುಚ್ಚಿದ ಸರ್ವರಿನ ಸ್ಥಿತಿ 'ಮುಚ್ಚಿದೆ' ಎಂದಿರುತ್ತದೆ. ಕರೆಂಟು ಹೋಗಿ ಸತ್ತದ್ದರ ಸ್ಥಿತಿ 'ಕೆಲಸದಲ್ಲಿದೆ' ಎಂದೇ ಉಳಿದಿರುತ್ತದೆ. ಬಾಗಿಲಿಗೆ ಹಲಗೆ ಜೋಡಿಸದೆ ಯಜಮಾನ ಕುಸಿದದ್ದಕ್ಕೆ ಆ ಬರಹವೇ ಸಾಕ್ಷಿ. ಸರ್ವರ್ ಎದ್ದಾಗ ಮೊದಲು ಅದನ್ನು ನೋಡಿ, ಕಿರ್ದಿ ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ.

ಕಿರ್ದಿಯನ್ನು ನಂಬಬೇಕಾದರೆ ಡಿಸ್ಕು ಸುಳ್ಳು ಹೇಳಬಾರದು. 2018ರಲ್ಲಿ ಈ ನಂಬಿಕೆಗೇ ಪೆಟ್ಟು ಬಿತ್ತು. ಲಿನಕ್ಸಿನಲ್ಲಿ ಬರಹ ಡಿಸ್ಕಿಗೆ ಇಳಿಯದೆ, 'ಬರೆದದ್ದನ್ನು ಡಿಸ್ಕಿಗೆ ಇಳಿಸು' ಎಂದು ಕೇಳುವ ಎಫ್‌ಸಿಂಕ್ ಒಮ್ಮೆ ಸೋತರೆ, ಎರಡನೆಯ ಸಲ ಕೇಳಿದಾಗ 'ಎಲ್ಲ ಸರಿ' ಎನ್ನುವ ಸಾಧ್ಯತೆ ಬಯಲಾಯಿತು. ಪೋಸ್ಟ್‌ಗ್ರೆಸ್ 2019ರಿಂದ ತೆಗೆದುಕೊಂಡ ನಿಲುವು ನನಗೆ ತುಂಬ ಹಿಡಿಸಿತು: ಎಫ್‌ಸಿಂಕ್ ಸೋತರೆ ಮರುಪ್ರಯತ್ನ ಇಲ್ಲ, ಸರ್ವರ್ ತಾನೇ ಕುಸಿದು ಬೀಳುತ್ತದೆ, ಎದ್ದು ಕಿರ್ದಿಯಿಂದ ಬರೆಯುತ್ತದೆ. ಎರಡನೆಯ ಸಲದ ಸಿಹಿ ಉತ್ತರಕ್ಕಿಂತ ಕುಸಿಯುವುದೇ ವಾಸಿ.

ಪ್ರಕ್ರಿಯೆ ಮುಗಿಯುವಾಗ ಹೇಳಿ ಹೋಗುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡಿನ ವಿಷಯದಲ್ಲೂ ಇದೇ ಕಠಿಣತನ. ಇಲ್ಲಿ ಪಾಠ ಕಲಿತದ್ದು ಶಿಕಾರಿಪುರದಲ್ಲಿ, ಸ್ವಂತ ಕೈಯಾರೆ. ಮಂಡಿಯೊಂದರಲ್ಲಿ ಜೋಳದ ಸುಗ್ಗಿಯ ವರದಿ ತೆಗೆಯುವ ಒಂದು ಕ್ವೆರಿ ಸಿಕ್ಕಿಕೊಂಡಿತ್ತು. ಅದೊಂದನ್ನು ಮುಗಿಸೋಣ ಎಂದು ಆ ಪ್ರಕ್ರಿಯೆಗೆ ಕಿಲ್ ಮೈನಸ್ ಒಂಬತ್ತು ಹೊಡೆದೆ. ಮರುಕ್ಷಣ ಎಲ್ಲ ಕೌಂಟರುಗಳೂ ಹೊರಗೆ. "ಏನು ಮಾಡಿದ್ಯೋ ಮಾರಾಯ?" ಎಂದು ಯಜಮಾನರು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಒಳಗೆ ನಡೆದದ್ದು ಇಷ್ಟು. ಪೋಸ್ಟ್‌ಮಾಸ್ಟರ್ ಎಂಬ ಯಜಮಾನ ಪ್ರಕ್ರಿಯೆ ತಾನು ಲೆಕ್ಕ ಬರೆಯುವುದಿಲ್ಲ, ಗಿರಾಕಿಗೊಬ್ಬ ಗುಮಾಸ್ತನನ್ನು ಹುಟ್ಟಿಸಿ, ಅವನು ಸಾಯುವಾಗ ಏನು ಹೇಳಿ ಸತ್ತ ಎಂದು ನೋಡುತ್ತದೆ. 0 ಎಂದರೆ ಕೆಲಸ ಮುಗಿಸಿ ಹೋದ. 1 ಎಂದರೆ ತಕರಾರಾಗಿ ಹೋದ, ಆದರೆ ಹೇಳಿ ಹೋದ. ಇವೆರಡನ್ನು ಬಿಟ್ಟು ಬೇರೇನು ಬಂದರೂ, ಸಿಗ್ನಲ್ಲಿನ ಏಟಿಗೆ ಸತ್ತರೂ, ಅದು ಅಪಘಾತ. ಎಲ್ಲ ಗುಮಾಸ್ತರೂ ಬರೆಯುವ ಹಲಗೆ ಒಂದೇ, ಅದೇ ಹಂಚಿಕೆಯ ಮೆಮೊರಿ. ಸತ್ತವನು ಅದರ ಮೇಲೆ ಅರ್ಧ ಗೀಚಿ ಹೋಗಿರಬಹುದು. ಗೀಚಿದ್ದಾನೋ ಇಲ್ಲವೋ ಎಂದು ಹುಡುಕುತ್ತ ಕೂರದೆ, ಎಲ್ಲರಿಗೂ ಸಿಗ್‌ಕ್ವಿಟ್ ಕೊಟ್ಟು, ಹಲಗೆ ಒರೆಸಿ, ಕಿರ್ದಿಯಿಂದ ಮತ್ತೆ ಶುರು. ಒಬ್ಬನ ತಪ್ಪಿಗೆ ಊರಿಗೆಲ್ಲ ದಂಡ ಎಂದು ಅಂದು ಸಿಟ್ಟು ಬಂದಿತ್ತು. ಈಗ ಅನ್ನಿಸುವುದು, ಲೆಕ್ಕದ ಮನೆಯಲ್ಲಿ ಅನುಮಾನದ ಲಾಭ ಯಾರಿಗೂ ಸಿಗಬಾರದು. ನಾನು ಮಾಡಬೇಕಿದ್ದದ್ದೂ ಸುಲಭವಿತ್ತು, ಕ್ವೆರಿ ರದ್ದು ಮಾಡುವ ಆದೇಶ ಡೇಟಾಬೇಸಿನೊಳಗೇ ಇದೆ. (ಯಜಮಾನನಿಗೇ ಒಂಬತ್ತು ಹೊಡೆಯುವುದು ಇನ್ನೂ ಘೋರ. ಗುಮಾಸ್ತರು ಅನಾಥರಾಗಿ ಬರೆಯುತ್ತಲೇ ಇರಬಹುದು. ಆಗ ಯಜಮಾನನ ಪ್ರಕ್ರಿಯೆ ಸಂಖ್ಯೆ ಬರೆದಿಟ್ಟ ಪಿಐಡಿ ಫೈಲನ್ನು ಅಳಿಸಿ ಹೊಸ ಸರ್ವರ್ ಎಬ್ಬಿಸಿ ಎಂದು ಸಲಹೆ ಕೊಡುವವರಿಂದ ದೂರ ಇರಿ.)

ಆದರೆ ಇಷ್ಟು ಕಟ್ಟುನಿಟ್ಟಾಗಿ ಒಳಗೆ ಮಾತಾಡಿಕೊಳ್ಳುವ ಸರ್ವರ್ ಹೊರಗಿನವರೊಡನೆ ಅಷ್ಟೇ ಅಸ್ಪಷ್ಟ. ಯೂರಿಯಾ ದಿನ ನನ್ನ ಪ್ರೋಗ್ರಾಂ ಸುಳ್ಳು ಹೇಳಿದ್ದೇಕೆ ಎಂದು ಆಮೇಲೆ ಹುಡುಕಿದೆ. ಸರ್ವರ್ ಏಳುತ್ತಿರುವಾಗ ಬಾಗಿಲು ಬಡಿದರೆ ಬರುವ ದೋಷದ ಸಂಕೇತ 57ಪಿ03. ಸರ್ವರ್ ಮುಚ್ಚುತ್ತಿರುವಾಗ ಬಡಿದರೂ 57ಪಿ03. ಒಂದರ ಅರ್ಥ 'ನಿಲ್ಲು, ಬಂದೆ', ಇನ್ನೊಂದರದು 'ಹೋಗು, ನಾನಿರುವುದಿಲ್ಲ'. ಜೊತೆಗಿರುವ ಇಂಗ್ಲಿಷ್ ವಾಕ್ಯ ಬೇರೆಯಾದರೂ, ಪ್ರೋಗ್ರಾಂ ನೋಡುವುದು ಸಂಕೇತವನ್ನು. ನಾನು ಅದನ್ನು ಮೊದಲ ಅರ್ಥದಲ್ಲಿ ಹಿಡಿದು 'ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಎಂದು ಬರೆದಿದ್ದೆ. ಸಂಪರ್ಕ ಕಡಿಯುವಾಗ ಮಾತ್ರ, ಆಡಳಿತದ ಆದೇಶಕ್ಕೆ 57ಪಿ01, ಅಪಘಾತಕ್ಕೆ 57ಪಿ02 ಎಂದು ಬೇರೆ ಬೇರೆ ಇಟ್ಟಿದ್ದಾರೆ. ಒಳಗಿದ್ದು ಹೊರಬೀಳುವವನಿಗೆ ಸಿಕ್ಕ ಈ ವಿವರಣೆ ಹೊರಗೆ ಮಳೆಯಲ್ಲಿ ನಿಂತವನಿಗೂ ಸಿಗಬೇಕಿತ್ತು.

ಹಿಂದೆ ದೊಡ್ಡ ಲೆಕ್ಕದ ಸರ್ವರುಗಳೂ ನಮ್ಮ ಹತ್ತಿರವೇ ಇದ್ದವು; ಭೂದಾಖಲೆಯ ಭೂಮಿ ಯೋಜನೆಯ ಮೊದಲ ವರ್ಷಗಳಲ್ಲಿ ಪಹಣಿಯ ಸರ್ವರ್ ಆಯಾ ತಾಲೂಕು ಕಚೇರಿಯಲ್ಲೇ ಇರುತ್ತಿತ್ತು. ಈಗ ದೊಡ್ಡ ಲೆಕ್ಕವೆಲ್ಲ ದೂರದ ಡೇಟಾ ಸೆಂಟರಿಗೆ ಹೋಗಿದೆ, ಅಲ್ಲಿ ಜನರೇಟರು, ಪಾಳಿಯ ಮೇಲೆ ಜನ ಎಲ್ಲ ಇದೆ. ಸ್ಮಾರ್ಟ್ ಶಟ್‌ಡೌನ್ ಬಹುಶಃ ಅಂಥ ಕಡೆ ಚೆಂದ. ಸಂಘ, ಮಂಡಿಗಳ ಮೂಲೆಯಲ್ಲಿ ಗೋಣಿಚೀಲದ ಪಕ್ಕ ಕೂತ ಸರ್ವರಿಗೆ ಬ್ಯಾಟರಿ ಎಷ್ಟು ಹೊತ್ತೋ ಅಷ್ಟೇ ಆಯುಸ್ಸು.

ನನ್ನ ಸ್ಕ್ರಿಪ್ಟು ಈಗ ಸಿಗ್‌ಇಂಟ್ ಕಳಿಸಿ ಒಂದು ನಿಮಿಷ ಕಾಯುತ್ತದೆ, ಆಗಲೂ ಮುಗಿಯದಿದ್ದರೆ ಸಿಗ್‌ಕ್ವಿಟ್. ಒಂಬತ್ತನೇ ನಂಬರು ಅದರಲ್ಲಿ ಇಲ್ಲ. 'ಇದ್ದೀಯಾ' ಎಂದು ಕೇಳುವ ಅವಧಿಯನ್ನು ಎರಡು ಗಂಟೆಯಿಂದ ಒಂದು ನಿಮಿಷಕ್ಕೆ ಇಳಿಸಿದ್ದೇನೆ. 57ಪಿ03 ಬಂದರೆ ಪ್ರೋಗ್ರಾಂ ಮೂರು ಸಲ ಬಡಿದು, ಆಮೇಲೂ ತೆಗೆಯದಿದ್ದರೆ ನನ್ನ ಫೋನ್ ನಂಬರು ತೋರಿಸುತ್ತದೆ. ಕೌಂಟರಿನ ಹುಡುಗಿ ಅದನ್ನೂ ನಂಬಿದಂತಿಲ್ಲ. ಮೋಡ ಕಟ್ಟಿದ ಕೂಡಲೇ ಅವಳೇ ಎಲ್ಲ ಕೌಂಟರುಗಳಲ್ಲೂ ಲಾಗೌಟ್ ಮಾಡಿ ಕೂರುತ್ತಾಳಂತೆ.