ವರ್ಣನೆಯಿಲ್ಲದ ಕಥೆಗಳು: ಡೆನ್ಮಾರ್ಕಿನ ಜನಪದ ಕಥಾರಸಿಕರಿಗೊಂದು ಕೈಪಿಡಿ

ಡೆನ್ಮಾರ್ಕಿನ ಕಥೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಒಬ್ಬನೇ. ಕುರೂಪಿ ಬಾತುಮರಿ, ಬೆಂಕಿಕಡ್ಡಿ ಮಾರುವ ಹುಡುಗಿ, ಬಟಾಣಿ ಕಾಳಿನ ಮೇಲೆ ಮಲಗಿದ ರಾಜಕುಮಾರಿ ಇವರೆಲ್ಲ ಬಾಲ್ಯದಲ್ಲೇ ಪರಿಚಿತರು. ಆ ಪರಿಚಯದ ಬಲದಿಂದ ಅದೇ ನಾಡಿನ ಜನಪದ ಕಥೆಗಳನ್ನು ಕೈಗೆತ್ತಿಕೊಂಡರೆ ಮೊದಲು ಆಗುವುದು ನಿರಾಸೆ. ರಾಜಕುಮಾರಿ ಚೆಲುವೆ ಎಂದಷ್ಟೇ ಹೇಳುತ್ತಾರೆ. ಅವಳ ಕಣ್ಣು ಎಂಥದು, ಕೂದಲು ಎಂಥದು, ಯಾರಿಗೂ ಬೇಕಾಗಿಲ್ಲ. ಕಾಡು ಬರುತ್ತದೆ, ಅಲ್ಲಿ ಯಾವ ಮರವಿತ್ತೆಂಬ ಮಾತಿಲ್ಲ. ನಾಯಕನಿಗೆ ಹೆಸರೇನಾದರೂ ಇದ್ದರೆ ಹಾನ್ಸ್. ಮುಂದಿನ ಕಥೆಯಲ್ಲೂ ಹಾನ್ಸ್. ತಲೆ ಉರುಳಿದರೂ ಅಳು ಒಂದು ವಾಕ್ಯವನ್ನು ದಾಟುವುದಿಲ್ಲ. ಇದು ಕಥೆಯೋ ಕಥೆಯ ಟಿಪ್ಪಣಿಯೋ ಎಂದು ಹೊಸಬರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ವಾದ ಇಷ್ಟು: ಈ ಬೋಳುತನ ಒಂದು ಕಸುಬು. ಅದು ಯಾರ ಕೈಯಲ್ಲಿ, ಎಂಥ ಸನ್ನಿವೇಶದಲ್ಲಿ ಹದಗೊಂಡಿತೆಂದು ತಿಳಿದುಕೊಂಡು ಓದಿದರೆ ಈ ವಾಕ್ಯಗಳ ಬಿಗಿ ಕೇಳಿಸತೊಡಗುತ್ತದೆ.

ಮೊದಲ ಆಕ್ಷೇಪಣೆ ಆಂಡರ್ಸನ್ನನ ಕಡೆಯಿಂದಲೇ ಬರುತ್ತದೆ. ಜನಪದ ಕಥೆ ಕಚ್ಚಾ ಮಾಲು, ಅದಕ್ಕೆ ರೂಪ ಕೊಟ್ಟವನು ಅವನು ಎಂಬುದು ಬಹುಕಾಲದಿಂದ ಚಾಲ್ತಿಯಲ್ಲಿರುವ ಮಾತು. 1835ರಲ್ಲಿ ಬಂದ ಅವನ ಮೊದಲ ಕಥಾಪುಸ್ತಿಕೆಯಲ್ಲಿರುವ ‘ಚಕಮಕಿ ಪೆಟ್ಟಿಗೆ’ಯನ್ನು ತೆಗೆದುಕೊಳ್ಳೋಣ. ಅದರ ಹಿಂದೆ ಮೇಣದಬತ್ತಿಯಿಂದ ಭೂತವನ್ನು ಕರೆಯುವ ಸಿಪಾಯಿಯ ಜನಪದ ಕಥೆಯಿದೆ. ಆಂಡರ್ಸನ್ ಭೂತದ ಜಾಗದಲ್ಲಿ ಮೂರು ನಾಯಿಗಳನ್ನು ಕೂರಿಸಿದ. ಒಂದರ ಕಣ್ಣು ಚಹಾದ ಬಟ್ಟಲಿನಷ್ಟು, ಇನ್ನೊಂದರದು ಗಿರಣಿಯ ಚಕ್ರದಷ್ಟು, ಮೂರನೆಯದರದು ಕೋಪನ್‌ಹೇಗನ್ನಿನ ದುಂಡು ಗೋಪುರದಷ್ಟು. ಕೊನೆಯ ಹೋಲಿಕೆ ಬಂದೊಡನೆ ರಾಜಧಾನಿಯ ಓದುಗ ನಗುತ್ತಾನೆ, ಏಕೆಂದರೆ ಆ ಗೋಪುರ ಅವನ ಬೀದಿಯಲ್ಲಿದೆ. ಹೇಳುವವನು ಕಥೆಯ ಪಕ್ಕದಲ್ಲಿ ನಿಂತು ನಮಗೆ ಕಣ್ಣು ಮಿಟುಕಿಸುವ ಈ ಜಾಣ್ಮೆ ಆಂಡರ್ಸನ್ನನ ದೊಡ್ಡ ಕೊಡುಗೆ. ಬರವಣಿಗೆಯನ್ನು ಮಾತಿನ ಹಾಗೆ ಓಡಿಸಿದನೆಂದು ಆಗಿನ ವಿಮರ್ಶಕರು ಅವನನ್ನು ಗದರಿಸಿದ್ದೂ ಉಂಟು. ಆದರೆ ಕಣ್ಣು ಮಿಟುಕಿಸಿದ ಕ್ಷಣದಲ್ಲಿ ಕಥೆಯ ಲೋಕ ಆಟಿಕೆಯಾಗುತ್ತದೆ. ಜನಪದ ಕಥೆಗಾರ ಹಾಗೆ ಮಾಡುವುದಿಲ್ಲ. ಅವನು ತನ್ನ ಅದ್ಭುತವನ್ನು ದನ ಕಳೆದುಹೋದ ಸುದ್ದಿ ಹೇಳುವಷ್ಟೇ ನೇರವಾಗಿ ಹೇಳುತ್ತಾನೆ. ಇವೆರಡು ಬೇರೆ ಬೇರೆ ಕಲೆ. ಒಂದನ್ನು ಇನ್ನೊಂದರ ಎಳಸು ರೂಪ ಎನ್ನುವುದು ಎರಡಕ್ಕೂ ಅನ್ಯಾಯ.

ಹಾಗಾದರೆ ಈ ಕಥೆಗಳು ಯಾರವು? ಉತ್ತರಕ್ಕೆ ಜಟ್‌ಲೆಂಡಿನ ಕುರುಚಲು ಬಯಲಿಗೆ ಹೋಗಬೇಕು. ಎವಾಲ್ಡ್ ತಾಂಗ್ ಕ್ರಿಸ್ಟೆನ್ಸನ್ ಎಂಬ ಹಳ್ಳಿಯ ಶಾಲಾಮಾಸ್ತರ 1860ರ ದಶಕದ ಕೊನೆಯಿಂದ ಅರ್ಧ ಶತಮಾನದಷ್ಟು ಕಾಲ ಅಲ್ಲಿ ಅಲೆದು, ಬಹುಪಾಲು ನಡೆದೇ ಅಲೆದು, ಹಾಡು, ಕಥೆ, ಐತಿಹ್ಯ, ಗಾದೆಗಳನ್ನು ಬರೆದುಕೊಂಡ. ಅವನ ಕೈಬರಹದ ದಾಖಲೆ ಸುಮಾರು 24,000 ಪುಟಗಳಷ್ಟಿದೆ. 1864ರ ಯುದ್ಧದಲ್ಲಿ ಸ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಸೀಮೆಗಳನ್ನು ಕಳೆದುಕೊಂಡು ನಾಡು ಕುಗ್ಗಿದ ಹೊತ್ತು ಅದು. ‘ಜನತೆಯ ಆತ್ಮ’ವನ್ನು ಹುಡುಕುತ್ತಿದ್ದ ಪಂಡಿತರಿಗೆ ಅನುಕೂಲಸ್ಥ ರೈತನ ಚಿತ್ರ ಬೇಕಿತ್ತು. ತಾಂಗ್ ಕ್ರಿಸ್ಟೆನ್ಸನ್‌ನಿಗೆ ಕಥೆ ಸಿಕ್ಕಿದ್ದು ಮಾತ್ರ ಬೇರೆ ಮನೆಗಳಲ್ಲಿ. ಗುಡಿಸಲಿನವರು, ಕೂಲಿಯವರು, ಊರಿನ ದಾನದ ಮೇಲೆ ಬದುಕುತ್ತಿದ್ದ ಮುದುಕರು ಅವನ ಕಥೆಗಾರರು. ಈ ದಾಖಲೆಯನ್ನು ಆಧರಿಸಿ 1987ರಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದ ಬೆಂಗ್ಟ್ ಹೋಲ್ಬೆಕ್ ತೋರಿಸಿದ ಮುಖ್ಯ ಸಂಗತಿಗಳಲ್ಲಿ ಇದೂ ಒಂದು: ಅದ್ಭುತ ಕಥೆಗಳು ಸಮಾಜದ ತಳದಲ್ಲಿದ್ದ ವಯಸ್ಕರ ಸೊತ್ತು. ಕುರಿಗಾಹಿ ಅರಸನಾಗುವ ಕಥೆಯನ್ನು ಹೇಳುತ್ತಿದ್ದವನಿಗೆ ತನ್ನ ಸ್ವಂತ ಮನೆ, ತನ್ನ ಸ್ವಂತ ಒಲೆ ಎಂಬುದೇ ರಾಜ್ಯವಾಗಿತ್ತು. ಕಥೆಯ ಅರಮನೆಯಲ್ಲಿ ರಾಜನೇ ಬಾಗಿಲು ತೆರೆಯುವುದು, ರಾಣಿ ಅಡುಗೆಮನೆಯಲ್ಲಿ ಓಡಾಡುವುದು ಹೇಳುವವರ ಅಜ್ಞಾನವಲ್ಲ. ಅವರಿಗೆ ಬೇಕಿದ್ದ ಅರಮನೆ ಅದೇ.

ಹೇಳುವ ಹೊತ್ತನ್ನೂ ಗಮನಿಸಬೇಕು. ನಡು ಜಟ್‌ಲೆಂಡಿನಲ್ಲಿ ಚಳಿಗಾಲದ ಸಂಜೆ ನೆರೆಹೊರೆಯವರು ಒಂದೇ ಕೋಣೆಯಲ್ಲಿ ಕೂಡಿ, ಮಾರಾಟಕ್ಕೆಂದು ಉಣ್ಣೆಯ ಕಾಲುಚೀಲ ಹೆಣೆಯುತ್ತ ಕಥೆ ಹೇಳುತ್ತಿದ್ದರು. ಸ್ಟೇನ್ ಸ್ಟೇನ್ಸನ್ ಬ್ಲಿಕರ್ 1842ರಲ್ಲಿ ಅಲ್ಲಿನ ಆಡುಮಾತಿನಲ್ಲೇ ಬರೆದ ‘ಹೆಣಿಗೆಯ ಕೋಣೆ’ ಇಂಥದೇ ಕೂಟವನ್ನು ಚಿತ್ರಿಸುತ್ತದೆ. ದೀಪ ಮಂಕು, ಕೈಗೆ ಕೆಲಸ, ಕಿವಿ ಮಾತ್ರ ಬಿಡುವಾಗಿದೆ. ಅಂಥಲ್ಲಿ ವರ್ಣನೆ ನಿಲ್ಲುವುದಿಲ್ಲ, ಘಟನೆ ನಿಲ್ಲುತ್ತದೆ. ನೆನಪಿನಲ್ಲಿ ಉಳಿಯುವುದು ವಸ್ತು, ಸಂಖ್ಯೆ, ಮರುಮಾತು. ಇದನ್ನೇ ಜಾನಪದ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1908ರಲ್ಲಿ ‘ಮಹಾಕಥನದ ನಿಯಮಗಳು’ ಎಂದು ಕ್ರಮವಾಗಿ ಹೇಳಿದ. ಒಂದು ದೃಶ್ಯದಲ್ಲಿ ಇಬ್ಬರೇ ಮಾತಾಡುತ್ತಾರೆ. ಮೂರನೆಯವನು ಇದ್ದರೂ ಬಾಯಿ ಬಿಡುವುದಿಲ್ಲ. ಮುಖ್ಯವಾದದ್ದೆಲ್ಲ ಮೂರು ಬಾರಿ ಬರುತ್ತದೆ. ಸಾಲಿನಲ್ಲಿ ಮೊದಲು ನಿಂತವನಿಗೆ ಗೌರವ, ಕೊನೆಗೆ ನಿಂತವನಿಗೆ ನಮ್ಮ ಮನಸ್ಸು. ಕಥೆಗೆ ಎಳೆ ಒಂದೇ. ಹಿಂದೆ ಹೋಗಿ ‘ಆಗ ಅಲ್ಲಿ ಏನಾಗಿತ್ತೆಂದರೆ’ ಎನ್ನುವುದಿಲ್ಲ. ಓಲ್ರಿಕ್‌ನ ನಿಯಮಗಳು ಡೆನ್ಮಾರ್ಕಿಗೇ ಸೀಮಿತವಲ್ಲ, ಹಾಗಾಗಿ ಅವು ಡೇನಿಶ್ ಕಥೆಯ ವಿಶೇಷವನ್ನು ಹೇಗೆ ತೋರಿಸಿಯಾವು ಎಂದು ಕೇಳಬಹುದು. ತೋರಿಸಬೇಕಾಗಿಯೂ ಇಲ್ಲ. ತಾಳ ಎಲ್ಲರಿಗೂ ಒಂದೇ ಆದರೂ ಅದರೊಳಗೆ ಯಾರು ಎಲ್ಲಿ ತಡೆದರು, ಎಲ್ಲಿ ಬಿಟ್ಟರು ಎಂಬುದು ತಾಳ ಗೊತ್ತಿದ್ದವರಿಗೆ ಮಾತ್ರ ಕೇಳಿಸುತ್ತದೆ.

ಈಗ ಒಂದು ಕಥೆಯನ್ನು ಹತ್ತಿರದಿಂದ ನೋಡೋಣ. ‘ಲಿಂಡೋರ್ಮ್ ರಾಜ’ನ ಕಥೆ ಉತ್ತರ ಜಟ್‌ಲೆಂಡಿನದು, ಸ್ವೆನ್ ಗ್ರುಂಟ್‌ವಿಗ್ 1854ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿದೆ. ಮಕ್ಕಳಿಲ್ಲದ ರಾಣಿಗೆ ಮುದುಕಿಯೊಬ್ಬಳು ಎರಡು ಗುಲಾಬಿಯ ಗುಟ್ಟು ಹೇಳುತ್ತಾಳೆ: ಕೆಂಪನ್ನು ತಿಂದರೆ ಗಂಡು, ಬಿಳಿಯದನ್ನು ತಿಂದರೆ ಹೆಣ್ಣು, ಎರಡನ್ನೂ ಮಾತ್ರ ತಿನ್ನಬೇಡ. ರಾಣಿ ಎರಡನ್ನೂ ತಿನ್ನುತ್ತಾಳೆ, ಹುಟ್ಟುವುದು ಲಿಂಡೋರ್ಮ್ ಎಂಬ ಘಟಸರ್ಪ. ಬೆಳೆದ ಸರ್ಪ ಹೆಂಡತಿ ಬೇಕೆಂದು ಹಟ ಹಿಡಿಯುತ್ತದೆ. ತಂದ ರಾಜಕುಮಾರಿ ಬೆಳಗಾಗುವಷ್ಟರಲ್ಲಿ ಇಲ್ಲ, ಎರಡನೆಯವಳೂ ಇಲ್ಲ. ಮೂರನೆಯವಳು ಕುರುಬರ ಹುಡುಗಿ. ಅವಳಿಗೂ ಒಬ್ಬ ಮುದುಕಿ ಸಿಗುತ್ತಾಳೆ, ಸಾಮಾನಿನ ಪಟ್ಟಿ ಕೊಡುತ್ತಾಳೆ: ಮೈಮೇಲೆ ಹತ್ತು ಬಿಳಿ ಅಂಗಿ, ಒಂದು ಬಾನಿ ಬೂದಿನೀರು, ಒಂದು ಬಾನಿ ಹಸಿ ಹಾಲು, ತೋಳು ತುಂಬ ಚಾಟಿ. ಕೋಣೆಯ ಬಾಗಿಲು ಮುಚ್ಚಿದ ಮೇಲೆ ಸರ್ಪ ಅಂಗಿ ಕಳಚು ಎನ್ನುತ್ತದೆ. ನೀನು ಪೊರೆ ಕಳಚು ಎನ್ನುತ್ತಾಳೆ ಹುಡುಗಿ. ಮತ್ತೆ ಅಂಗಿ, ಮತ್ತೆ ಪೊರೆ. ಪೊರೆಯೆಲ್ಲ ತೀರಿ ಹಸಿ ಮಾಂಸ ಉಳಿದಾಗ ಅವಳು ಚಾಟಿಯನ್ನು ಬೂದಿನೀರಿನಲ್ಲಿ ಅದ್ದಿ ಬಾರಿಸುತ್ತಾಳೆ, ಹಾಲಿನಲ್ಲಿ ತೊಳೆಯುತ್ತಾಳೆ, ತೋಳಲ್ಲಿ ಹಿಡಿಯುತ್ತಾಳೆ. ಬೆಳಗ್ಗೆ ನೋಡಿದರೆ ಪಕ್ಕದಲ್ಲಿ ರಾಜಕುಮಾರ.

ಇಲ್ಲಿ ಹುಡುಗಿಯ ಭಯದ ಬಗ್ಗೆ ಒಂದು ಮಾತೂ ಇಲ್ಲ. ಇರಬೇಕಾದ್ದೂ ಇಲ್ಲ, ಏಕೆಂದರೆ ಆ ಭಯವನ್ನು ಅಂಗಿಗಳು ಹೊತ್ತಿವೆ. ಕಳಚುವ ಪ್ರತಿ ಅಂಗಿಯೂ ಅವಳಿಗೆ ಉಳಿದಿರುವ ಸಮಯ. ಕೇಳುತ್ತ ಕೂತವರು ಲೆಕ್ಕ ಹಾಕುತ್ತಾರೆ, ಆ ಲೆಕ್ಕವೇ ಆತಂಕವಾಗುತ್ತದೆ. ಓದುವಾಗ ಪುನರಾವರ್ತನೆ ಬಂದ ಕಡೆ ಕಣ್ಣು ಜಾರಿಸಿ ಮುಂದೆ ಹೋಗುವ ಅಭ್ಯಾಸ ನಮಗಿದೆ. ಈ ಕಥೆಗಳಲ್ಲಿ ನಿಧಾನ ಮಾಡಬೇಕಾದದ್ದು ಅಲ್ಲೇ, ಸಾಧ್ಯವಾದರೆ ಬಾಯಿಬಿಟ್ಟು ಓದಬೇಕಾದದ್ದೂ ಅಲ್ಲೇ. ಇನ್ನು ವಸ್ತುಗಳು. ಬೂದಿನೀರು ಬಟ್ಟೆ ಒಗೆಯುವ ಕಡೆಯದು, ಹಾಲು ಕೊಟ್ಟಿಗೆಯದು, ಅಂಗಿ ಮದುಮಗಳ ಪೆಟ್ಟಿಗೆಯದು. ಮಾಯಾಖಡ್ಗವಿಲ್ಲ, ಮಂತ್ರವಿಲ್ಲ, ಬಡವರ ಮನೆಯ ಹೆಣ್ಣಿಗೆ ಕೈಗೆಟುಕುವ ಸಾಮಾನಿನಿಂದಲೇ ಸರ್ಪ ಮನುಷ್ಯನಾಗುತ್ತದೆ. ಹೋಲ್ಬೆಕ್ ಹೇಳುವಂತೆ ಈ ಕಥೆಗಳು ದಾಟುವುದು ಮೂರು ಗೆರೆಗಳನ್ನು: ಎಳೆಯರು ದೊಡ್ಡವರಾಗುವುದು, ಗಂಡು ಹೆಣ್ಣು ಸೇರುವುದು, ಕೆಳಗಿನವರು ಮೇಲೇರುವುದು. ಆ ಮೂರೂ ಈ ಒಂದು ಕೋಣೆಯಲ್ಲಿ, ಒಂದು ರಾತ್ರಿಯಲ್ಲಿ, ಒಂದೂ ವಿವರಣೆಯಿಲ್ಲದೆ ನಡೆದುಹೋಗುತ್ತವೆ. ಹಾವು ಗಂಡನಾಗುವ ಕಥೆಯ ಬಳಗ ನಮಗೂ ಹೊಸದಲ್ಲ. ಎ.ಕೆ. ರಾಮಾನುಜನ್ ಹೇಳಿದ ಕನ್ನಡ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ‘ನಾಗಮಂಡಲ’ ಕಟ್ಟಿದರು. ಆದರೆ ಅಲ್ಲಿ ಹಾವು ಗಂಡನ ವೇಷದಲ್ಲಿ ಬರುವ ಪ್ರೇಮಿ, ಇಲ್ಲಿ ಗಂಡನೇ ಹಾವಿನೊಳಗೆ ಸಿಕ್ಕಿಕೊಂಡವನು. ಬಳಗ ಒಂದೇ ಎಂದು ಗುರುತಿಸಿ ಸುಮ್ಮನಾಗುವ ರಸಿಕನಿಗೆ ಈ ವ್ಯತ್ಯಾಸದ ರುಚಿ ತಪ್ಪಿಹೋಗುತ್ತದೆ.

ಇಷ್ಟು ಕ್ರೌರ್ಯದ ಕಥೆ ಮಕ್ಕಳಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಮಕ್ಕಳು ಮೂಲೆಯಲ್ಲಿ ಕೂತು ಕೇಳುತ್ತಿದ್ದರು, ನಿಜ. ಕಥೆ ಅವರನ್ನು ಉದ್ದೇಶಿಸಿದ್ದಾಗಿರಲಿಲ್ಲ.

ಅದ್ಭುತ ಕಥೆಯನ್ನು ಕೇಳಿದ ಕಿವಿಯಿಂದಲೇ ಐತಿಹ್ಯವನ್ನೂ ಕೇಳಹೋದರೆ ಮಾತ್ರ ಎಡವುತ್ತೇವೆ. ಐತಿಹ್ಯಕ್ಕೆ ಊರಿದೆ, ತೋಟದಮನೆಯ ಹೆಸರಿದೆ, ನಡೆದದ್ದೆಂಬ ಪಟ್ಟು ಇದೆ. ದಿಬ್ಬದೊಳಗಿನ ಜನ ಹಬ್ಬದ ರಾತ್ರಿ ದಿಬ್ಬವನ್ನು ನಾಲ್ಕು ಕಂಬಗಳ ಮೇಲೆ ಎತ್ತಿ ಕುಣಿಯುತ್ತಾರೆ. ಜೌಗಿನ ‘ಎಲ್ವ’ ಎಂಬ ಮಾಯಾವಿ ಹೆಣ್ಣು ಮುಂದಿನಿಂದ ಚೆಲುವೆ, ಬೆನ್ನು ಪೊಳ್ಳು. ಮನೆ ಕಾಯುವ ಪುಟ್ಟ ದೈವ ನಿಸ್ಸೆಯ ಕಥೆಯೊಂದು ಹಲವು ಕಡೆ ಸಿಗುತ್ತದೆ. ಕ್ರಿಸ್‌ಮಸ್ ರಾತ್ರಿ ಅವನಿಗಿಟ್ಟ ಗಂಜಿಯ ಮೇಲೆ ಬೆಣ್ಣೆ ಕಾಣಲಿಲ್ಲ. ಸಿಟ್ಟಿನಲ್ಲಿ ಕೊಟ್ಟಿಗೆಗೆ ಹೋಗಿ ಒಳ್ಳೆಯ ಹಸುವೊಂದನ್ನು ಕೊಂದ. ತಿರುಗಿ ಬಂದು ಹಸಿವಿಗೆ ಗಂಜಿ ತಿಂದರೆ ಬೆಣ್ಣೆ ತಳದಲ್ಲಿತ್ತು. ಆಮೇಲೆ ಬೇರೆ ಕಡೆಯಿಂದ ಅಂಥದೇ ಹಸುವನ್ನು ತಂದು ಕಟ್ಟಿದ. ಇಷ್ಟೇ. ಇದಕ್ಕೆ ಮೂರರ ಏಣಿಯಿಲ್ಲ, ಮದುವೆಯಿಲ್ಲ, ಸುಖಾಂತ್ಯವೂ ಪೂರ್ತಿಯಿಲ್ಲ: ಹಸು ಕಳೆದುಕೊಂಡ ಆ ಇನ್ನೊಂದು ಮನೆಯವರ ಗತಿ ಏನೆಂದು ಕಥೆ ಕೇಳುವುದಿಲ್ಲ. ಕೇಳುವವರು ಕೇಳಿಕೊಳ್ಳುತ್ತಾರೆ. ಒಂದು ಮನೆಯ ಏಳಿಗೆಗೆ ಪಕ್ಕದ ಮನೆ ಬೆಲೆ ತೆರುತ್ತದೆಂಬ ಸಂಶಯ ಹಳ್ಳಿಯಲ್ಲಿ ಯಾವಾಗಲೂ ಇದ್ದದ್ದೇ; ಐತಿಹ್ಯ ಆ ಸಂಶಯವನ್ನು ನಡುವೆ ಇಟ್ಟು ಎದ್ದುಹೋಗುತ್ತದೆ. ಚರ್ಚೆ ಕೋಣೆಯಲ್ಲಿದ್ದವರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆಯಿದೆ. ನೀವು ಮೆಚ್ಚುತ್ತಿರುವ ಬಿಗಿ ಕಥೆಗಾರರದೋ, ಓಡುವ ಮಾತಿನ ಹಿಂದೆ ಓಡುತ್ತಿದ್ದ ಮಾಸ್ತರನ ಪೆನ್ನಿನದೋ? ತಾಂಗ್ ಕ್ರಿಸ್ಟೆನ್ಸನ್ ಕೈಯಿಂದಲೇ ಬರೆದುಕೊಂಡ. ದನಿ, ತಡೆ, ಕೈಸನ್ನೆ ಎಲ್ಲ ಅಲ್ಲೇ ಉಳಿದವು. ಇದನ್ನು ಒಪ್ಪಬೇಕು. ಆದರೆ ಅವಸರದ ಪೆನ್ನು ಮೊದಲು ಕತ್ತರಿಸುವುದು ಹೇಳಿದ್ದನ್ನೇ ಮತ್ತೆ ಹೇಳುವ ಸಂಭಾಷಣೆಯನ್ನು. ಈ ದಾಖಲೆಗಳಲ್ಲಿ ಸಂಭಾಷಣೆ ಧಾರಾಳವಾಗಿದೆ, ತೆಳ್ಳಗಿರುವುದು ವರ್ಣನೆ ಮಾತ್ರ. 1823ರಲ್ಲೇ ಪ್ರಕಟವಾದ ಮಥಿಯಾಸ್ ವಿಂಥರ್‌ನ ಸಂಗ್ರಹದಲ್ಲೂ ಕಥೆಯನ್ನು ನಡೆಸುವುದು ಮಾತು ಮತ್ತು ಘಟನೆಗಳೇ. ಅಪಾಯ ಇರುವುದು ಮತ್ತೊಂದು ಕಡೆ: ತುಂಬಿಸಿದವರ, ನಯ ಮಾಡಿದವರ ಕಡೆ. ಗ್ರುಂಟ್‌ವಿಗ್ 1876ರಿಂದ ಪ್ರಕಟಿಸಿದ ಜನಪ್ರಿಯ ಕಥಾಸಂಪುಟಗಳಲ್ಲಿ ಹಲವು ಪಾಠಗಳನ್ನು ಹೊಲಿದು ಒಂದೇ ‘ಸುಂದರ’ ಕಥೆ ಮಾಡಿದ. ಓದಲು ಹಿತ, ಆದರೆ ಯಾರ ಬಾಯಿಂದಲೂ ಬಂದದ್ದಲ್ಲ.

ಆದ್ದರಿಂದ ಅನುವಾದ ಆರಿಸುವಾಗ ಯಾರು, ಯಾವ ಊರಿನಲ್ಲಿ ಹೇಳಿದ್ದೆಂಬ ವಿವರವಿರುವ ಪುಸ್ತಕಕ್ಕೆ ಮೊದಲ ಸ್ಥಾನ ಕೊಡಬೇಕು. ಲಿಂಡೋರ್ಮ್‌ನ ಕಥೆಯೇ ಒಳ್ಳೆಯ ಒರೆಗಲ್ಲು. 1914ರಲ್ಲಿ ಕಾಯ್ ನೀಲ್ಸನ್‌ನ ಚಿತ್ರಗಳೊಂದಿಗೆ ಇಂಗ್ಲಿಷಿನಲ್ಲಿ ಬಂದ ಚೆಂದದ ಪುಸ್ತಕ ಅದನ್ನು ನಾರ್ವೆಯ ಕಥೆಗಳ ಜೊತೆ ಸೇರಿಸಿ, ಸರ್ಪ ಮನುಷ್ಯನಾದ ಸಂತೋಷದಲ್ಲೇ ಮುಗಿಸುತ್ತದೆ. ಹಳೆಯ ಡೇನಿಶ್ ಪಾಠ ಅಲ್ಲಿಗೆ ನಿಲ್ಲುವುದಿಲ್ಲ. ಗಂಡ ಯುದ್ಧಕ್ಕೆ ಹೋದಾಗ ಅವಳು ಹೆರುತ್ತಾಳೆ, ನಾಯಿಮರಿ ಹೆತ್ತಳೆಂದು ಕಳ್ಳ ಓಲೆ ಹೋಗುತ್ತದೆ, ಅವಳು ಮನೆ ಬಿಡಬೇಕಾಗುತ್ತದೆ. ಕಾಡಿನಲ್ಲಿ, ಎದೆಯಲ್ಲಿ ಹಾಲು ಕಟ್ಟಿದ ನೋವಿನಲ್ಲಿ, ಅವಳು ಒಂದು ಹಂಸಕ್ಕೂ ಒಂದು ಕೊಕ್ಕರೆಗೂ ತನ್ನ ಹಾಲನ್ನು ಹಿಂಡುತ್ತಾಳೆ. ಶಾಪದಲ್ಲಿದ್ದ ಇಬ್ಬರು ಗಂಡಸರು ಬಿಡುಗಡೆಯಾಗುತ್ತಾರೆ. ಮೊದಲ ಭಾಗದಲ್ಲಿ ಕೊಟ್ಟಿಗೆಯಿಂದ ಬಂದಿದ್ದ ಬಾನಿಯ ಹಾಲು ಎರಡನೆಯ ಭಾಗದಲ್ಲಿ ಅವಳ ಮೈಯಿಂದಲೇ ಬರುತ್ತದೆ. ಮುದುಕಿ ಹೇಳಿಕೊಟ್ಟು ಮಾಡಿಸಿದ್ದನ್ನು ಈ ಬಾರಿ ಯಾರೂ ಹೇಳಿಕೊಡದೆ ಅವಳೇ ಮಾಡುತ್ತಾಳೆ. ಕಥೆ ಇದನ್ನು ಎಲ್ಲಿಯೂ ಎತ್ತಿ ಹೇಳಿಲ್ಲ. ಅರ್ಧ ಕಥೆ ಓದಿದವರಿಗೆ ಇದು ಕಾಣುವ ದಾರಿಯೂ ಇಲ್ಲ.