ಎರಡು ಕಾಲಗಳ ಕಥೆ

ಇಂಗ್ಲಿಷ್ ಭಾಷೆಯಲ್ಲಿ, ವಿಶೇಷವಾಗಿ ಅಮೆರಿಕಾ ದೇಶದಲ್ಲಿ, ಈಚಿನ ಎರಡು ದಶಕಗಳಿಂದ ಒಂದು ಬಗೆಯ ಕಾದಂಬರಿಯು ಹೇರಳವಾಗಿ ಪ್ರಕಟವಾಗುತ್ತಲಿದೆ. ಅದರಲ್ಲಿ ಕಥೆಗಳು ಎರಡು, ಕಾಲಗಳೂ ಎರಡು. ಒಂದು ಅಧ್ಯಾಯದಲ್ಲಿ ಇಂದಿನ ಹೆಣ್ಣುಮಗಳೊಬ್ಬಳು; ಮುಂದಿನ ಅಧ್ಯಾಯದಲ್ಲಿ ನೂರು ವರ್ಷಗಳ ಹಿಂದಿನ ಇನ್ನೊಬ್ಬಳು. ಇವರ ನಡುವೆ ಒಂದು ರಹಸ್ಯ, ಒಂದು ಪ್ರಣಯ, ಇವೆರಡಕ್ಕೂ ಆಧಾರವಾಗಿ ಕ್ರೈಸ್ತ ಶ್ರದ್ಧೆ. ಹಳಬಳ ಗುಟ್ಟನ್ನು ಹೊಸಬಳು ಬಿಡಿಸುವಳು. ಬಿಡಿಸುವುದರಲ್ಲಿ ತನ್ನ ಮನಸ್ಸಿನ ಗಂಟೂ ಸಡಿಲವಾಗುವುದು. ಸೂಸನ್ ಮೈಸ್ನರ್ ಎಂಬಾಕೆಯ 'ದಿ ಶೇಪ್ ಆಫ್ ಮರ್ಸಿ' (2008), ರೇಚಲ್ ಹಾಕ್ ಎಂಬಾಕೆಯ 'ದಿ ವೆಡಿಂಗ್ ಡ್ರೆಸ್' (2012), ಜೇಮಿ ಜೋ ರೈಟ್ ಎಂಬಾಕೆಯ 'ದಿ ಹೌಸ್ ಆನ್ ಫಾಸ್ಟರ್ ಹಿಲ್' (2017) ಇವು ಈ ಜಾತಿಯವು. ಬರೆಯುವವರಲ್ಲಿಯೂ ಓದುವವರಲ್ಲಿಯೂ ಸ್ತ್ರೀಯರೇ ಹೆಚ್ಚು. ಇದೊಂದೇ ಕಾರಣದಿಂದ ಇವನ್ನು ಹೊತ್ತು ಕಳೆಯುವ ಪುಸ್ತಕಗಳೆಂದು ತಳ್ಳಿಬಿಡುವ ವಿಮರ್ಶಕರುಂಟು. ಅದು ನ್ಯಾಯವಲ್ಲ. ಇಷ್ಟು ಮಂದಿಯ ಮನಸ್ಸನ್ನು ಹಿಡಿದ ಕಥಾಬಂಧವು ಏಕೆ ಹಿಡಿಯಿತೆಂಬುದು ವಿಚಾರಮಾಡತಕ್ಕ ವಿಷಯವೇ ಸರಿ.

ಈ ಪುಸ್ತಕಗಳನ್ನು ಓದುವಾಗ ಮೊದಲು ಕಣ್ಣಿಗೆ ಬೀಳುವುದು ಮನುಷ್ಯರಲ್ಲ, ವಸ್ತುಗಳು. ಮೈಸ್ನರಳ ಗ್ರಂಥದಲ್ಲಿ ಒಂದು ದಿನಚರಿ. 1692ರಲ್ಲಿ ಸೇಲಂ ಎಂಬ ಊರಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ನೇಣಿಗೆ ಹಾಕಿದ ಕಾಲದ್ದು. ಹಾಕಳ ಗ್ರಂಥದಲ್ಲಿ ಪೆಟ್ಟಿಗೆಯೊಳಗಿನ ಒಂದು ಮದುವೆಯ ಉಡುಪು; 1912ರಿಂದ ಈಚೆಗೆ ಅದನ್ನು ಉಟ್ಟ ಒಬ್ಬೊಬ್ಬಳಿಗೂ ಹೊಲಿಗೆ ಬಿಚ್ಚದೆಯೇ ಅದು ಸರಿಹೊಂದುವುದು. ರೈಟಳಲ್ಲಿ ಒಂದು ಪಾಳುಮನೆ. ವಸ್ತುವಿಲ್ಲದೆ ಈ ಕಥೆ ಒಂದು ಹೆಜ್ಜೆಯೂ ನಡೆಯದು. ಇದಕ್ಕೆ ಕಾರಣವು ಕಾದಂಬರಿಕಾರರ ಬಡತನವಲ್ಲ, ಅವರ ಧರ್ಮದ ತತ್ತ್ವ. ಕ್ರೈಸ್ತಮತದಲ್ಲಿ ಜನ್ಮವು ಒಂದೇ. ಸತ್ತವಳು ಮತ್ತೆ ಹುಟ್ಟಿಬಂದು ತನ್ನ ಕಥೆಯನ್ನು ಮುಗಿಸಲಾರಳು. ಆದುದರಿಂದ ಅವಳಿಗೂ ಇಂದಿನವಳಿಗೂ ನಡುವೆ ಕಾಗದವೋ ಬಟ್ಟೆಯೋ ಗೋಡೆಯೋ ಉಳಿದಿರಬೇಕು. ಅದು ತಕ್ಕ ಕೈಗೆ ತಕ್ಕ ಸಮಯದಲ್ಲಿ ಸಿಕ್ಕಿತಲ್ಲಾ ಎಂಬಲ್ಲಿ ದೈವಸಂಕಲ್ಪವನ್ನು ಕಾಣಬೇಕು. ಬೇರೆ ಕಥೆಗಳಲ್ಲಿ ಆಕಸ್ಮಿಕವೆಂಬುದು ದೋಷ. ಇಲ್ಲಿ ಅದೇ ಪ್ರಮೇಯ.

ಕನ್ನಡದ ವಾಚಕರಿಗೆ ಎರಡು ಕಾಲಗಳ ಕಥೆ ಹೊಸದಲ್ಲ. 'ಕಾದಂಬರಿ' ಎಂಬ ಮಾತನ್ನೇ ನಾವು ಅಂಥ ಒಂದು ಕಥೆಯಿಂದ ಪಡೆದಿದ್ದೇವೆ. ಬಾಣನ ಗದ್ಯವನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಚಂಪುವಾಗಿ ಕನ್ನಡಿಸಿದನು. ಶೂದ್ರಕರಾಜನ ಆಸ್ಥಾನಕ್ಕೆ ಒಂದು ಗಿಳಿ ಬರುವುದು. ತಾನು ಜಾಬಾಲಿ ಮುನಿಯಿಂದ ಕೇಳಿದ ಕಥೆಯನ್ನು ಹೇಳುವುದು. ಚಂದ್ರಾಪೀಡ ಕಾದಂಬರಿಯರ ಪ್ರಣಯ, ಮಹಾಶ್ವೇತೆಯ ತಪಸ್ಸು, ಅಚ್ಛೋದ ಸರೋವರದ ತೀರ, ಇವೆಲ್ಲವನ್ನೂ ರಾಜನು ಪರರ ಕಥೆಯೆಂದೇ ಕೇಳುತ್ತ ಕುಳಿತಿರುವನು. ಕಡೆಯಲ್ಲಿ ತಿಳಿಯುವುದೇನು? ಆ ಚಂದ್ರಾಪೀಡನು ತಾನೇ! ಹೇಳುತ್ತಿದ್ದ ಗಿಳಿಯೇ ಮಹಾಶ್ವೇತೆಯ ಪುಂಡರೀಕ. ಅತ್ತ ಒಬ್ಬ ಹೆಣ್ಣುಮಗಳು ಕೆಡದೆ ಉಳಿದ ಒಂದು ದೇಹವನ್ನು ಕಾಯುತ್ತ ಕುಳಿತಿದ್ದಾಳೆ. ಇತ್ತ ಆ ದೇಹದ ಒಡೆಯನು ಸಿಂಹಾಸನದ ಮೇಲೆ ಕುಳಿತು ಅವಳ ಕಥೆಗೆ ತಲೆದೂಗುತ್ತಿದ್ದಾನೆ. ಕೇಳುವವನ ಕಥೆಯೇ ಕೇಳಿದ ಕಥೆಯೆಂಬ ಈ ಬೆರಗಿಗೆ ಸಮನಾದುದನ್ನು ಆ ಅಮೆರಿಕಾದ ಗ್ರಂಥಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. (ಬಾಣನು ಕಥೆಯನ್ನು ಮುಗಿಸದೆ ತೀರಿಹೋದನೆಂದೂ, ಮಗನು ಉತ್ತರಭಾಗವನ್ನು ಬರೆದನೆಂದೂ ಬಲ್ಲವರಿಗೆ ಇದರಲ್ಲಿ ಇನ್ನೂ ಒಂದು ರುಚಿಯುಂಟು.)

ಜನ್ನನ 'ಯಶೋಧರ ಚರಿತೆ' (1209) ಇನ್ನೂ ಸಮೀಪದ ಬಂಧು. ಬಲಿಗೆ ತಂದ ಅಭಯರುಚಿ ಅಭಯಮತಿಯರು ಮಾರಿದತ್ತನ ಎದುರಿಗೆ ತಮ್ಮ ಹಿಂದಿನ ಭವಗಳನ್ನು ಹೇಳುವರು. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪವೊಂದು ಜನ್ಮಜನ್ಮಾಂತರಗಳಲ್ಲಿ ಹೇಗೆ ಬೆನ್ನಟ್ಟಿತೆಂದು ಕೇಳಿದ ರಾಜನ ಕೈ ಕತ್ತಿಯನ್ನು ಎತ್ತದಾಗುತ್ತದೆ. ಭೂತಕಾಲದ ಕಥೆಯು ವರ್ತಮಾನದ ಒಂದು ಕೊಲೆಯನ್ನು ತಡೆಯುವುದು! ಜೈನ ಕವಿಗೂ ಕ್ರೈಸ್ತ ಕಾದಂಬರಿಕಾರಳಿಗೂ ತತ್ತ್ವದಲ್ಲಿ ಅಜಗಜಾಂತರ. ಒಬ್ಬನಿಗೆ ಕರ್ಮವೇ ಸೂತ್ರ, ಇನ್ನೊಬ್ಬಳಿಗೆ ಕೃಪೆ. ಆದರೂ ಕಥೆಯನ್ನು ಕೇಳಿದವನು ಕೇಳುವುದಕ್ಕೆ ಮೊದಲಿದ್ದಂತೆ ಎದ್ದುಹೋಗಬಾರದೆಂಬ ಛಲ ಇಬ್ಬರಲ್ಲಿಯೂ ಒಂದೇ. ಈ ಕಾದಂಬರಿಗಳ ಆಕರ್ಷಣೆಯ ಬೇರು ಇಲ್ಲಿದೆ. ತನ್ನ ದುಃಖವು ತನ್ನಿಂದಲೇ ಮೊದಲಾದುದಲ್ಲ, ಇದನ್ನು ಹಿಂದೆ ಒಬ್ಬಳು ಪಟ್ಟಿದ್ದಾಳೆ, ಪಟ್ಟು ದಾಟಿದ್ದಾಳೆ ಎಂಬ ಅರಿವು ಮನೆಯ ಮೂಲೆಯಲ್ಲಿ ಕುಳಿತು ಓದುವ ಹೆಂಗಸಿಗೆ ಉಪದೇಶಕ್ಕಿಂತ ಹೆಚ್ಚಿನ ಸಮಾಧಾನವನ್ನು ಕೊಡುವುದು.

ಆದರೆ ಇದೇ ಸಮಾಧಾನದಲ್ಲಿ ಅಪಾಯವೂ ಅಡಗಿದೆ. ಹಿಂದಿನವಳು ಇಂದಿನವಳಿಗೆ ಪಾಠ ಹೇಳುವುದಕ್ಕಾಗಿಯೇ ಅತ್ತಳೆಂಬಂತೆ ಬರೆಯುವುದು ಸುಲಭ. ಆಗ ಭೂತಕಾಲವು ಬೀಗದ ಕೈಗಳ ಗೊಂಚಲಾಗುವುದು. ವರ್ತಮಾನದ ಬಾಗಿಲು ತೆರೆದೊಡನೆ ಅದನ್ನು ಮೊಳೆಗೆ ನೇತುಹಾಕುವರು. ಸತ್ತವರಿಗೆ ತಮ್ಮ ಬಾಳು ತಮ್ಮದೇ ಆಗಿತ್ತು.

ಕೊಡಗಿನ ಗೌರಮ್ಮನ ವೃತ್ತಾಂತವನ್ನು ನೋಡಿದರೆ ಇದು ಸ್ಪಷ್ಟವಾಗುವುದು. 1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. ಚಿಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಜೂನ್ 30ರಂದು ಆ ಹನ್ನೊಂದು ವರ್ಷದ ಹುಡುಗಿಗೆ ಬಕಿಂಗ್‌ಹ್ಯಾಂ ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ವಿಂಟರ್‌ಹಾಲ್ಟರನು ಅವಳ ಚಿತ್ರವನ್ನು ಬರೆದನು, ಮಾರೊಕೆಟ್ಟಿಯು ಶಿಲ್ಪವನ್ನು ಕಡೆದನು. ಪಂಜಾಬಿನ ದುಲೀಪಸಿಂಗನಿಗೆ ಅವಳನ್ನು ಕೊಡಬೇಕೆಂಬ ರಾಣಿಯ ಯೋಚನೆ ಕೈಗೂಡಲಿಲ್ಲ. ಕಡೆಗೆ ತನಗಿಂತ ಬಹಳ ಹಿರಿಯನಾದ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬದೆ, ತೀರಿಕೊಂಡಳು. ಕೆಲವು ವರ್ಷಗಳಲ್ಲಿಯೇ ಗಂಡನು ಕಾಣೆಯಾದನು. ಅರಸುಮನೆತನದ ಒಡವೆಗಳೂ ಅವನೊಡನೆ ಹೋದುವೆಂದು ಹೇಳುವರು.

ಎರಡು ಕಾಲಗಳ ಕಾದಂಬರಿಗೆ ಇನ್ನೇನು ಬೇಕು? ಚಿತ್ರವಿದೆ, ಶಿಲ್ಪವಿದೆ, ಕಳೆದುಹೋದ ಒಡವೆಯಿದೆ, ಮತಾಂತರವಿದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ತಂದೆಯ ಪತನವನ್ನು ತನ್ನ ಕೇಂದ್ರವಾಗಿ ಮಾಡಿಕೊಂಡಿತು. 1983ರ ಜ್ಞಾನಪೀಠ ಪ್ರಶಸ್ತಿಯು ಮಾಸ್ತಿಯವರಿಗೆ ಸಂದಿತು. ಮಗಳನ್ನು ಕುರಿತು ಸಿ. ಪಿ. ಬೆಳ್ಳಿಯಪ್ಪನವರು 2010ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಈ ಸಾಮಗ್ರಿಯನ್ನು ಕಾದಂಬರಿಕಾರನು ಮುಟ್ಟಿದಾಗ ಮನಸ್ಸಿನಲ್ಲಿಡಬೇಕಾದುದು ಒಂದುಂಟು. ಹನ್ನೊಂದು ವರ್ಷದ ಮಗುವಿನ ಶ್ರದ್ಧೆಯೇನೆಂಬುದನ್ನು ತಂದೆಯೂ ರಾಣಿಯೂ ಸೇರಿ ಗೊತ್ತುಮಾಡಿದರು, ಮಗುವನ್ನು ಕೇಳಿದವರಾರು? ಅದು ದೈವಕೃಪೆಯೆಂದು ಭಕ್ತಿಪರನಾದ ಲೇಖಕನು ಬರೆಯುವನು, ಅಪಹರಣವೆಂದು ದೇಶಾಭಿಮಾನಿ ಬರೆಯುವನು. ಇಬ್ಬರೂ ಅವಳ ಬಾಯಲ್ಲಿ ತಮ್ಮ ಮಾತನ್ನು ತುಂಬುವರು. ಒಡವೆಯ ರಹಸ್ಯವನ್ನು ಬಿಡಿಸಲು ಕಾತರಪಡುವ ಕಥೆಯು ಈ ರಹಸ್ಯವನ್ನು ಕಾಣದೆ ಹೋದರೆ ಅದರ ಕುತೂಹಲವು ಕ್ಷುದ್ರವೆಂದೇ ಹೇಳಬೇಕು.

ಇಂಥ ವಸ್ತುವಿಗೆ ತುಮಕೂರು ಸೀಮೆಯವರು ಕೊಡಗಿನವರೆಗೆ ಹೋಗಬೇಕಾಗಿಯೂ ಇಲ್ಲ. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ನೆಲೆಸಿದ್ದರು. ಅಲ್ಲಿದ್ದ ವಿಲಿಯಂ ಆರ್ಥರನು ಮೈಸೂರು ಸೀಮೆಯ ತನ್ನ ಅನುಭವಗಳನ್ನು 1847ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅದಕ್ಕೂ ಹಳೆಯದು ಬೇಕೆಂದರೆ ಶಿರಾ ಮಾರ್ಗದ ಅಂತರಸನಹಳ್ಳಿಯಿಂದ ಹೊರಟು, ಪಟ್ಟಣವನ್ನು ದಾಟಿ, ಕುಣಿಗಲ್ ದಾರಿಯಲ್ಲಿ ಗೂಳೂರಿನ ಬಳಿಗೆ ಹೋದರೆ ಕೈದಾಳ ಸಿಕ್ಕುವುದು. ಜಕಣಾಚಾರಿಯು ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದುದು, ಮಗ ಡಂಕಣನು ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬಂದುದು, ವಿಗ್ರಹದ ನಾಭಿಯ ಬಳಿ ಗಂಧವು ಆರದಿದ್ದುದು, ಕಲ್ಲಿನೊಳಗಿನ ಕಪ್ಪೆ, ತಂದೆಯು ಕಡಿದುಕೊಂಡ ಬಲಗೈ, ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದ ಮೇಲೆ ಮರಳಿ ಬಂದ ಕೈ: ಇವನ್ನು ತಿಳಿಯದ ಮನೆ ಈ ಪ್ರಾಂತದಲ್ಲಿಲ್ಲ. 1964ರಲ್ಲಿ ಇದು ಬಣ್ಣದ ಚಲಚ್ಚಿತ್ರವೂ ಆಯಿತು. ಎರಡು ತಲೆಮಾರು, ಒಂದು ವಿಯೋಗ, ಒಂದು ರಹಸ್ಯ, ಒಂದು ದೈವಾನುಗ್ರಹ. ಮೇಲೆ ಹೇಳಿದ ಕಥಾಬಂಧದ ಅಂಗಗಳೆಲ್ಲ ಇಲ್ಲಿವೆ. ಕಳೆದ ದಿನಚರಿಯ ಸ್ಥಾನದಲ್ಲಿ ಕಲ್ಲೊಳಗಿನ ಕಪ್ಪೆಯಿದೆ.

ಶಾಸನಗಳು ಬೇರೊಂದನ್ನು ಹೇಳುತ್ತವೆ. ಕೈದಾಳದ ದೇವಾಲಯಗಳನ್ನು ಸುಮಾರು 1150ರಲ್ಲಿ, ಹೊಯ್ಸಳ ನರಸಿಂಹನ ಕಾಲದಲ್ಲಿ, ಬಾಚಿ ಎಂಬ ಸಾಮಂತನು ಕಟ್ಟಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುವುದು. ಬೇಲೂರಿನ ಶಿಲ್ಪಗಳ ಕೆಳಗೆ ಕೊರೆದಿರುವ ಹೆಸರುಗಳಲ್ಲಿ ಜಕಣನಿಲ್ಲ. ಅಲ್ಲಿ ಬಳ್ಳಿಗಾವೆಯ ದಾಸೋಜನಿದ್ದಾನೆ. ಅವನ ಮಗ ಚಾವಣನಿದ್ದಾನೆ. ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಉಳಿ ಹಿಡಿದು ನಿಂತವರು; ಒಬ್ಬರನ್ನೊಬ್ಬರು ಹುಡುಕಬೇಕಾಗಿರಲಿಲ್ಲ, ಯಾರ ಕೈಯೂ ಹೋಗಲಿಲ್ಲ. ಇವರ ಹೆಸರನ್ನು ಎಷ್ಟು ಮಂದಿ ಬಲ್ಲರು? ಬೇಲೂರಿಗೆ ಹೋದ ಯಾತ್ರಿಕರು ಜಕಣನ ಕೆಲಸವೆಲ್ಲಿ ಎಂದು ಕೇಳುವರು. ಮಾರ್ಗದರ್ಶಕನು ದಾಸೋಜನು ಮಾಡಿದ ಮದನಿಕೆಯನ್ನು ತೋರಿಸಿದರೆ ಅದನ್ನು ಜಕಣನದೆಂದೇ ನೋಡಿ ಸಂತೋಷಪಟ್ಟು ಮುಂದಕ್ಕೆ ಹೋಗುವರು.